ಗುಡಾಣದೊಳಗೆ ಕೂಗಿದ ಆಟ

ಬಾ ಕಂದ, ಕೂತ್ಕೊ. ನೀನೂ ಬಾರೇ, ಬಾಗಿಲಲ್ಲಿ ನಿಂತು ಕತೆ ಕೇಳಿದರೆ ಕಾಲು ನೋಯುತ್ತೆ. ಕೈಲಿರೋದನ್ನ ಆ ಗೂಡಲ್ಲಿಡಿ. ಹೂಂ, ಅದೇ, ಆ ಮಿಣಮಿಣ ಅನ್ನೋದನ್ನೇ. ಅದಕ್ಕೇನು ಕಾಲಿಲ್ಲ, ಓಡಿಹೋಗಲ್ಲ. ಹೂಂಗುಟ್ಟೋರು ಹೂಂಗುಟ್ಟಿ, ನಿದ್ದೆ ಬಂದವರು ನನ್ನ ತೊಡೆ ಮೇಲೆ ತಲೆ ಇಡಿ.

ಬೂರುಗಪುರ ಅಂತ ಒಂದು ರಾಜ್ಯ. ಅಲ್ಲಿ ಚೆನ್ನಭೂಪಾಲ ಅಂತ ಒಬ್ಬ ರಾಜ. ಒಳ್ಳೆಯವನೇ, ಆದರೆ ಕಿವಿ ಹಗುರ. ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಸರಿ ಅನ್ನೋನು. ಅವನಿಗೆ ಮುದ್ದಾಜಿ ಅಂತ ಒಬ್ಬಳೇ ಮಗಳು, ಮುಂದಿನ ಹಲ್ಲು ಬಿದ್ದ ವಯಸ್ಸು. ಅವಳು ನಕ್ಕರೆ ಅರಮನೆಯ ಪಾರಿವಾಳ ಎಲ್ಲ ಬೆದರಿ ಹಾರೋವು, ಅಷ್ಟು ಜೋರು ನಗು.

ಆ ರಾಜ್ಯದಲ್ಲಿ ಎಲ್ಲರ ಕೈಲೂ ಫೋನಿತ್ತು. ರಾಜರ ಕಾಲದಲ್ಲಿ ಫೋನೆಲ್ಲಿತ್ತಜ್ಜಿ ಅಂತ ಕೇಳಬೇಡ. ನಿನ್ನೆ ಕತೇಲಿ ನರಿ ಮಾತಾಡಿತು ಅಂದಾಗ ಒಪ್ಪಿಕೊಂಡೆಯಲ್ಲ, ಇದನ್ನೂ ಒಪ್ಪಿಕೊ.

ಅರಮನೆಯ ಹಿಂದಿನ ಬೀದೀಲಿ ರುಚಿಗಾರರ ಮನೆ. ರಾಜ ಉಣ್ಣೋ ಮುಂಚೆ ಅನ್ನ ಸಾರು ಬಾಯಿಗಿಟ್ಟು ನೋಡೋದು ಆ ಮನೆಯವರ ಕಸುಬು. ಯಾರಾದರೂ ವಿಷ ಹಾಕಿದ್ದರೆ? ಅದಕ್ಕೆ. ಆ ಮನೇಲಿ ಒಬ್ಬಳು ಅತ್ತೆ, ಇಬ್ಬರು ಸೊಸೆಯರು. ದೊಡ್ಡವಳು ಮಂಚಮ್ಮ, ಚಿಕ್ಕವಳು ನಿಂಗಾಜಿ. ಅತ್ತೆ ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟಿದ್ದಳು: "ತಿಂದ ತಕ್ಷಣ ಚೆನ್ನಾಗಿದೆ ಅನ್ನಬೇಡಿ ಕಣ್ರೇ. ವಿಷವೂ ಸಿಹಿಯಾಗೇ ಇರುತ್ತೆ. ತಿಂದು, ತಟ್ಟೆ ಪಕ್ಕಕ್ಕಿಟ್ಟು, ಸುಮ್ಮನೆ ಕೂತು ನೋಡಿ. ಹೊಟ್ಟೆ ಏನು ಹೇಳುತ್ತೋ ಕೇಳಿ. ಆಮೇಲೆ ಬಾಯಿ ಬಿಡಿ."

ರಾಜನ ತಟ್ಟೆ ನೋಡೋ ಕೆಲಸ ದೊಡ್ಡ ಸೊಸೆ ಅಂತ ಮಂಚಮ್ಮನಿಗೆ ಬಂತು.

ಹೀಗಿರಬೇಕಾದರೆ ಊರಿಗೆ ಆಪುಗಳು ಬಂದವು. ಒಂದಾ ಎರಡಾ? ಹಾಲು ಉಕ್ಕೋ ಮುಂಚೆ ಕೂಗೋ ಆಪು. ಕಳೆದ ಎಮ್ಮೆ ಯಾವ ಹಳ್ಳದಲ್ಲಿ ಬಿದ್ದುಕೊಂಡಿದೆ ಅಂತ ತೋರಿಸೋ ಆಪು. ನಮ್ಮ ಮುಖಕ್ಕೆ ಮೀಸೆ ಅಂಟಿಸಿ ತೋರಿಸೋದು. ಚೌಕಾಬಾರದ ಆಟ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು, ಜನಕ್ಕೆ ಹೇಗೆ ಗೊತ್ತಾಗಬೇಕು? ರಾಜ ಅಂದ, "ಅನ್ನದ ರುಚಿ ನೋಡೋರು ಇದರ ರುಚಿಯನ್ನೂ ನೋಡಲಿ."

ಮೊದಲು ಮಂಚಮ್ಮನನ್ನೇ ಕೇಳಿದರು. ಅವಳು ಮೂಗು ಮುರಿದಳು. "ಆ ಗಾಜಿನ ಹಲಗೇನ ಯಾರು ತಿಕ್ಕಿಕೊಂಡು ಕೂರ್ತಾರೆ? ಇವಳಿಗೆ ಕೊಡಿ, ಇವಳಿಗೆ ಬೇರೆ ಏನು ಕೆಲಸ?"

ಸರಿ, ನಿಂಗಾಜಿಗೆ ಕೊಟ್ಟರು.

ನಿಂಗಾಜಿ ಅತ್ತೆಯ ಪಾಠ ಬಿಡಲಿಲ್ಲ. ಯಾವ ಆಪು ಬಂದರೂ ಮೂರು ಸಲ ನೋಡೋಳು. ಮೊದಲನೇ ಸಲ ಪುಟ್ಟ ಮುದ್ದಾಜಿಯ ಕೈಗೆ ಕೊಡೋಳು, ಮಗು ನಗುತ್ತಾ ಅಂತ ನೋಡೋಕೆ. ಎರಡನೇ ಸಲ ಅತ್ತೆಯ ಕೈಗೆ ಕೊಡೋಳು, ಕಣ್ಣು ಮಂಜಾದವಳಿಗೂ ಉಪಯೋಗಕ್ಕೆ ಬರುತ್ತಾ ಅಂತ ನೋಡೋಕೆ. ಮೂರನೇ ಸಲ ಫೋನನ್ನ ಖಾಲಿ ಮಣ್ಣಿನ ಗುಡಾಣದೊಳಗೆ ಇಟ್ಟು, ಬಾಯಿಗೆ ತಟ್ಟೆ ಮುಚ್ಚಿ, ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸೋಳು. ಬಿಡಿಸಿ, ಹುಳಿ ಮಾಡಿ, ಉಂಡು, ಕೈ ತೊಳೆಯೋವರೆಗೂ ಅದನ್ನ ಮುಟ್ಟುತ್ತಿರಲಿಲ್ಲ. ಅಷ್ಟು ಹೊತ್ತೂ ಆಪು ತೆಪ್ಪಗಿದ್ದರೆ ಒಳ್ಳೇದು. ಒಳಗಿಂದ "ಬಾ, ಬಾ, ಬಿಟ್ಟುಹೋಗಬೇಡ" ಅಂತ ಪೀಡಿಸಿದರೆ ಕೆಟ್ಟದ್ದು.

ಮೂರೂ ಗೆದ್ದರೆ ಊರಲ್ಲಿ ತಮಟೆ. "ನಿಂಗಾಜಿ ನೋಡಿದ್ದಾಳೆ, ಹಾಕ್ಕೊಳ್ರಪ್ಪೋ!"

ಆ ತಮಟೆ ಮಂಚಮ್ಮನ ಕಿವಿಗೆ ಬಿತ್ತು. ಹೊಟ್ಟೇಲಿ ಒಂದು ಕೆಂಡ ಬಿದ್ದ ಹಾಗಾಯಿತು.

ಬೀದಿಯ ಹೆಂಗಸರೆಲ್ಲ ಜಗಲಿಗೆ ಬಂದು, "ನಿಂಗಾಜಕ್ಕ, ಮಳೆ ಹೇಳೋ ಈ ಆಪು ನಂಬಬಹುದಾ? ನಿಂಗಾಜಕ್ಕ, ಈ ಆಟ ನಮ್ಮ ಹುಡುಗಿಗೆ ಕೊಡಬಹುದಾ?" ಅಂತ ಸುತ್ತುವರಿಯೋರು. ಮಂಚಮ್ಮನ ಹೊಟ್ಟೇಲಿ ಎರಡನೇ ಕೆಂಡ.

ಒಂದು ದಿನ ಮುದ್ದಾಜಿ ಊಟಕ್ಕೆ ಕೂತಿದ್ದಳು. ಮಂಚಮ್ಮ ತಟ್ಟೆ ತಂದರೆ ಆ ಮಗು ತಲೆ ಎತ್ತಿ ಕೇಳಿತು, "ನೀನಾ? ನಿಂಗಾಜಕ್ಕ ಬರಲ್ವಾ?" ಮೂರನೇ ಕೆಂಡ! ಇಷ್ಟಾದ ಮೇಲೆ ಒಲೆ ಹೊತ್ತಿಕೊಳ್ಳದೆ ಇರುತ್ತಾ? ಧಗಧಗ ಅಂತು.

'ನಾನು ಪ್ರಾಣ ಪಣಕ್ಕಿಟ್ಟು ಸಾರು ಕುಡೀತೀನಿ. ನನಗೆ ತಮಟೆ ಇಲ್ಲ. ಇವಳು ಮೀಸೆ ಅಂಟಿಸಿಕೊಂಡು ಹಲ್ಲು ಕಿರೀತಾಳೆ, ಇವಳಿಗೆ ತಮಟೆ.' ಮಂಚಮ್ಮನಿಗೆ ಊಟ ರುಚಿಸಲಿಲ್ಲ. ರುಚಿಗಾರ್ತಿಗೇ ರುಚಿ ಹೋಯಿತು ನೋಡು. ನಿಂಗಾಜಿ ನಕ್ಕರೆ ಇವಳಿಗೆ ಉರಿ. ನಿಂಗಾಜಿ ಸುಮ್ಮನಿದ್ದರೆ, ಯಾಕೆ ಸುಮ್ಮನಿದ್ದಾಳೆ ಅಂತ ಉರಿ.

ಕಿಟಕಿ ಸಂದಿಯಿಂದ ಇಣುಕಿ ನೋಡಿದಳು. ಫೋನು ಗುಡಾಣದಲ್ಲಿ, ನಿಂಗಾಜಿ ಅವರೆಕಾಯಿ ಮುಂದೆ. ಅಷ್ಟೇ ಸಾಕಾಯಿತು. ಸೆರಗು ಸಿಕ್ಕಿಸಿಕೊಂಡು ಅರಮನೆಗೆ ಓಡಿದಳು.

"ದೊರೆ, ಅವಳು ಏನೂ ನೋಡಲ್ಲ! ಗುಡಾಣಕ್ಕೆ ಹಾಕಿಬಿಟ್ಟು ಅವರೆಕಾಯಿ ಬಿಡಿಸ್ತಾಳೆ. ಇದು ಕೆಲಸವಾ?"

ರಾಜನ ಕಿವಿ ಹಗುರ ಅಂದೆನಲ್ಲ. "ಹೌದಾ? ಹಾಗಾದರೆ ಮುಂದಿನ ಆಪು ನೀನೇ ನೋಡು" ಅಂದುಬಿಟ್ಟ.

ನಿಂಗಾಜಿ ಕೈಮುಗಿದು, "ಅಕ್ಕನೇ ನೋಡಲಿ ದೊರೆ. ಮೂರು ಸಲ ನೋಡಲಿ, ಅಷ್ಟೇ" ಅಂದಳು.

ಅದೇ ಹೊತ್ತಿಗೆ ದೋಣಿಯಲ್ಲಿ ಒಬ್ಬ ವ್ಯಾಪಾರಿ ಬಂದ. ಪಚ್ಚೆ ಬಣ್ಣದ ಪೇಟ, ಜೇನಿನಂಥ ಮಾತು. ಮುತ್ತಿನ ಕೊಳ ಅಂತ ಒಂದು ಆಟ ತಂದಿದ್ದ. ಕೊಳದಲ್ಲಿ ಮುಳುಗೋದು, ಮುತ್ತು ಆರಿಸೋದು, ಅರಮನೆ ಕಟ್ಟೋದು. ಶುರುವಿನಲ್ಲೇ ಆಟ ಕೇಳೋದು: "ನಿನ್ನ ಜೊತೆ ಆಡೋಕೆ ಯಾರ ಹೆಸರು ಹಾಕಲಿ?" ಮಂಚಮ್ಮನ ಬಾಯಿಂದ ಯೋಚನೆ ಇಲ್ಲದೆ ಬಂದಿದ್ದು ಒಂದೇ ಹೆಸರು: "ನಿಂಗಾಜಿ."

ಆಡಿದಳು. ಚೆನ್ನಾಗಿತ್ತು. ಮಗುವಿನ ಕೈಗೆ ಕೊಟ್ಟಳು, ಮುದ್ದಾಜಿ ಕಿಲಕಿಲ ನಕ್ಕಿತು. ಅತ್ತೆಯ ಕೈಗೆ ಕೊಟ್ಟಳು, ಮುದುಕಿಗೂ ಮುತ್ತು ಸಿಕ್ಕಿತು. ಮೂರನೇ ಸಲಕ್ಕೆ ಗುಡಾಣ ಎಳೆದುಕೊಂಡಳು. ಆಗ ವ್ಯಾಪಾರಿ ಹತ್ತಿರ ಬಂದು ಪಿಸುಗುಟ್ಟಿದ.

"ತಾಯಿ, ಅದೊಂದು ಬೇಡ. ಇದು ಸ್ವಲ್ಪ ಕೂಗೋ ಆಟ. ನೋಡಿದೆ ಅಂತ ಹೇಳಿಬಿಡಿ. ಆಟ ತೆಗೆದಾಗಲೆಲ್ಲ ಮೊದಲು ನಿಮ್ಮ ಹೆಸರೇ ಬರೋ ಹಾಗೆ ಮಾಡ್ತೀನಿ. ಮಂಚಮ್ಮ ಮೆಚ್ಚಿದ ಆಟ! ಪ್ರತಿ ಮನೇಲಿ, ಪ್ರತಿ ಕೈಲಿ."

"ನಿಂಗಾಜಿಯ ಹೆಸರು?"

"ಎಲ್ಲೂ ಇರಲ್ಲ."

ಮಂಚಮ್ಮ ಗುಡಾಣವನ್ನ ಕಾಲಲ್ಲಿ ತಳ್ಳಿದಳು.

"ಮೂರೂ ನೋಡಿದೆಯಾ?" ರಾಜ ಕೇಳಿದ.

"ನೋಡಿದೆ ದೊರೆ."

ತಮಟೆ ಬಾರಿಸಿದರು. ಈ ಸಲ ಮಂಚಮ್ಮನ ಹೆಸರಲ್ಲಿ. ಆ ದಿನ ಅವಳು ಬೀದೀಲಿ ಮೂರು ಸುತ್ತು ಸುಮ್ಮಸುಮ್ಮನೆ ಓಡಾಡಿದಳು.

ಆಮೇಲೇನಾಯಿತು ಕೇಳು. ಕುಂಬಾರನ ತಿಗರಿ ನಿಂತಿತು. ಕೊಟ್ಟಿಗೇಲಿ ಹಸು ಕೆಚ್ಚಲು ಬಿಗಿದು ಕೂಗಿತು, ಕರೆಯೋರಿಲ್ಲ. ದೋಣಿ ಬೆಸ್ತನಿಲ್ಲದೆ ತಾನೇ ತೇಲಿಕೊಂಡು ಹೋಯಿತು. ಎಲ್ಲರೂ ಮುತ್ತು ಆರಿಸ್ತಾ ಕೂತರು. ಸರಿ, ಆಡಲಿ ಬಿಡು, ಖುಷಿಯಾದರೂ ಇದ್ದರಾ? ಅದೂ ಇಲ್ಲ. ಎಲ್ಲರ ಮುಖ ಹುಳಿ ಹುಳಿ. ಮುದ್ದಾಜಿ ಅನ್ನ ಬಿಟ್ಟಿತು. ನಗೋದು ಬಿಟ್ಟಿತು. ಪಾರಿವಾಳ ಹಾರಿಸೋರೇ ಇಲ್ಲದೆ ಅವು ಕೂತಲ್ಲೇ ತೂಕಡಿಸಿದವು. ಮಗುವಿನ ಕೆನ್ನೆ ಒಳಗೆ ಹೋಯಿತು, ಕಣ್ಣು ಗುಳಿ ಬಿತ್ತು.

ನಿಂಗಾಜಿ ಬೀದೀಲಿ ಹೋಗ್ತಾ ಇದ್ದಳು. ಕುಂಬಾರ ಬೈಯುತ್ತಿದ್ದ, "ಆ ಬೆಸ್ತ ನನಗಿಂತ ಮುಂದೆ ಹೋದನಂತೆ, ಅವನ ಬಲೆ ಹರಿದುಹೋಗ!" ನಾಲ್ಕು ಹೆಜ್ಜೆ ಮುಂದೆ ಹೊಳೆ ದಡದಲ್ಲಿ ಬೆಸ್ತ ಬೈಯುತ್ತಿದ್ದ, "ಆ ಕುಂಬಾರ ನನಗಿಂತ ಮುಂದೆ ಹೋದನಂತೆ, ಅವನ ಗಡಿಗೆ ಒಡೆದುಹೋಗ!"

ನಿಂಗಾಜಿ ನಿಂತಳು. 'ಇವನು ಅವನ ಹಿಂದೆ, ಅವನು ಇವನ ಹಿಂದೆ. ಅದು ಹೇಗಾಗುತ್ತೆ?' ಸೀದಾ ಅರಮನೆಗೆ ಹೋದಳು.

"ದೊರೆ, ಈ ಆಟ ಕಿತ್ತುಹಾಕಿಸಿ. ಮಗು ಉಳಿಯಲ್ಲ."

ಮಂಚಮ್ಮ ಅಲ್ಲೇ ಇದ್ದಳು, ಕೈಲಿ ಫೋನು. "ಹೊಟ್ಟೆಕಿಚ್ಚು ದೊರೆ ಇವಳಿಗೆ! ನನ್ನ ಹೆಸರು ಮನೆಮನೇಲಿ ಇದೆಯಲ್ಲ, ಸಹಿಸೋಕೆ ಆಗ್ತಿಲ್ಲ!"

ರಾಜ ಅತ್ತ ನೋಡಿದ, ಇತ್ತ ನೋಡಿದ. "ನಿಂಗಾಜಿ, ಆಟ ಕೆಟ್ಟದ್ದು ಅಂತ ಎಲ್ಲರೆದುರು ತೋರಿಸು. ತೋರಿಸದಿದ್ದರೆ ನೀನು ಊರು ಬಿಡಬೇಕು."

"ಆಗಲಿ ದೊರೆ. ನಾಳೆ ಮಧ್ಯಾಹ್ನ ಊರಿಗೆಲ್ಲ ಊಟ ಹಾಕಿಸಿ. ಅಕ್ಕ ತನ್ನ ಫೋನನ್ನ ಗುಡಾಣದಲ್ಲಿಟ್ಟು ನನ್ನ ಪಕ್ಕ ಕೂತು ಉಣ್ಣಲಿ. ಕೈ ತೊಳೆಯೋವರೆಗೂ ಅದನ್ನ ಮುಟ್ಟದೆ ಇದ್ದರೆ ನಾನೇ ಊರು ಬಿಡ್ತೀನಿ. ನನ್ನ ಫೋನು ನಿಮ್ಮ ಹತ್ರ ಇರಲಿ."

"ಇಷ್ಟೇನಾ?" ಮಂಚಮ್ಮ ನಕ್ಕಳು. "ಗಂಟು ಕಟ್ಟಿಕೋ ಹೋಗಮ್ಮ."

ಮಾರನೇ ದಿನ ಎಲೆ ಹಾಕಿದರು. ಊರೆಲ್ಲ ಪಂಕ್ತಿಯಲ್ಲಿ ಕೂತಿತು. ನಿಂಗಾಜಿಯ ಫೋನು ರಾಜನ ತೊಡೆ ಮೇಲೆ, ಆಫ್ ಮಾಡಿಟ್ಟದ್ದು. ಮಂಚಮ್ಮನದು ಗುಡಾಣದಲ್ಲಿ, ಮೇಲೊಂದು ತಟ್ಟೆ.

ಕೋಸಂಬರಿ ಬಂತು. ಗುಡಾಣದೊಳಗಿಂದ ಆಟ ಕೂಗಿತು: "ಮಂಚಮ್ಮ, ನಿನ್ನ ಮುತ್ತು ಕೊಳಕ್ಕೆ ಜಾರಿತು, ಬಾ!" ಮಂಚಮ್ಮ ತುತ್ತು ನುಂಗಿದಳು. ಕದಲಲಿಲ್ಲ.

ಹುಳಿ ಅನ್ನ ಬಂತು. "ಮಂಚಮ್ಮ, ನಿನ್ನ ಅರಮನೆಯ ಗೋಡೆ ಬಿತ್ತು, ಬಾ!" ಎಡಗೈಲಿ ನೆಲ ಗೀರಿದಳು. ಆದರೂ ಕದಲಲಿಲ್ಲ. ಅಲ್ಲೇ ಮೂಲೇಲಿದ್ದ ವ್ಯಾಪಾರಿ ಮೀಸೆ ತಿರುವಿದ.

ಪಾಯಸ ಬಂತು. ಇನ್ನೇನು, ಪಾಯಸ ಮುಗಿದರೆ ಗೆದ್ದ ಹಾಗೆ. ಮಂಚಮ್ಮ ಕೈ ತುಂಬ ಪಾಯಸ ತೆಗೆದುಕೊಂಡಳು. ಆಗ ಗುಡಾಣ ಕೂಗಿತು:

"ಮಂಚಮ್ಮ! ನಿಂಗಾಜಿ ಆಡ್ತಾ ಇದ್ದಾಳೆ! ನಿಂಗಾಜಿ ನಿನಗಿಂತ ಮುಂದೆ ಹೋದಳು!"

ಅಯ್ಯೋ, ಆಮೇಲೆ ಯಾರು ಹಿಡಿಯೋರು! ಎಲೆ ತುಳಿದು, ತಟ್ಟೆ ಹಾರಿಸಿ, ಪಾಯಸದ ಕೈಯನ್ನ ಹಾಗೇ ಗುಡಾಣಕ್ಕೆ ತುರುಕಿದಳು. ಫೋನು ಎಳೆದು ಪಾಯಸದ ಬೆರಳಲ್ಲೇ ತಿಕ್ಕಿದಳು. "ಎಲ್ಲಿ? ಎಷ್ಟು ಮುಂದೆ ಹೋದಳು? ಎಷ್ಟು ಮುಂದೆ?"

ಆಗ ಮುದ್ದಾಜಿ ಎದ್ದು ನಿಂತು ಬೆರಳು ತೋರಿಸಿತು. "ಸುಳ್ಳು! ನಿಂಗಾಜಕ್ಕ ಇಲ್ಲೇ ಕೂತಿದ್ದಾಳೆ. ಅವಳ ಕೈಲೂ ಪಾಯಸ ಇದೆ. ಅವಳು ಆಡೇ ಇಲ್ಲ!"

ನಿಂಗಾಜಿ ಎರಡೂ ಕೈ ಎತ್ತಿ ತೋರಿಸಿದಳು. ಒಂದರಲ್ಲಿ ಪಾಯಸ, ಒಂದು ಖಾಲಿ. "ಅಕ್ಕ, ಆ ಆಟವನ್ನ ನಾನು ಇವತ್ತಿನವರೆಗೂ ಮುಟ್ಟಿಲ್ಲ."

ಮಗು ಅಪ್ಪನ ಕಡೆ ತಿರುಗಿತು. "ನನಗೂ ಹೀಗೇ ಹೇಳ್ತಿತ್ತು. ಮಂತ್ರಿ ಮಗಳು ಮುಂದೆ ಹೋದಳು, ಮುಂದೆ ಹೋದಳು ಅಂತ."

ಕುಂಬಾರ ಬೆಸ್ತನ ಮುಖ ನೋಡಿದ. ಬೆಸ್ತ ಕುಂಬಾರನ ಮುಖ ನೋಡಿದ. "ಲೋ, ನನಗೆ ನೀನು ಮುಂದೆ ಅಂತಿತ್ತಲ್ಲೋ!" "ನನಗೆ ನೀನು ಮುಂದೆ ಅಂತಿತ್ತು ಕಣಯ್ಯ!" ಪಂಕ್ತಿಯ ಈ ತುದಿಯಿಂದ ಆ ತುದಿಗೆ ಇದೇ ಮಾತು ಓಡಿತು. ಯಾರೂ ಯಾರಿಗಿಂತಲೂ ಮುಂದೆ ಹೋಗಿರಲಿಲ್ಲ. ಎಲ್ಲರೂ ಅವರವರ ಜಾಗದಲ್ಲೇ ಕೂತು ಸುಮ್ಮನೆ ಉರಿದುಕೊಂಡಿದ್ದರು.

ರಾಜ ಎದ್ದ. "ಮಂಚಮ್ಮ, ನನ್ನ ಅನ್ನಕ್ಕೆ ದಿನಾ ಕಾದು ನೋಡ್ತೀಯ. ನನ್ನ ಮಗಳಿಗೆ ಕಾಯಲಿಲ್ಲವಾ?"

ಮಂಚಮ್ಮನಿಗೆ ಭೂಮಿ ಬಿರಿದರೆ ಸಾಕು ಅನಿಸಿತು. ಪಾಯಸ ಮೆತ್ತಿದ ಫೋನು ಕೈಯಿಂದ ಜಾರಿತು. "ಮೂರನೇದು ನೋಡಲಿಲ್ಲ ದೊರೆ" ಅಂದಳು. "ಈ ಆಟ ಕೂಗುತ್ತೆ ಅಂತ ಗೊತ್ತಿತ್ತು. ಇವಳ ಹೆಸರು ಅಳಿಸಬೇಕಿತ್ತು ನನಗೆ."

"ಹಾಗಾದರೆ ಊರು ಬಿಡೋಳು ನೀನು."

ಆಗ ನಿಂಗಾಜಿ ಅಡ್ಡ ಬಂದಳು. "ದೊರೆ, ಅಕ್ಕ ಹೋದರೆ ನನಗೇ ನಷ್ಟ. ಈ ಕೂಗು ಹೇಗೆ ಒಳಗೆ ಹೋಗಿ ಎಳೆಯುತ್ತೆ ಅಂತ ಅವಳಿಗೆ ಗೊತ್ತಿರೋ ಅಷ್ಟು ನನಗೆ ಗೊತ್ತಿಲ್ಲ. ಗುಡಾಣದ ಪಕ್ಕ ಕೂರೋಕೆ ಅವಳೇ ಬೇಕು." ರಾಜ ಹೂಂ ಅಂದ.

ತಿಳೀತಾ ಮಕ್ಕಳೇ? ಹೊಟ್ಟೆಕಿಚ್ಚು ಅನ್ನೋದೂ ಅಂಥದ್ದೇ ಒಂದು ಆಟ. ಪಕ್ಕದವರು ಮುಂದೆ ಹೋದರು ಅಂತ ಒಳಗೆ ಕೂತು ಸುಳ್ಳು ಕೂಗುತ್ತೆ, ನಿಮ್ಮ ಎಲೆಯ ಪಾಯಸವನ್ನ ನೀವೇ ತುಳಿಯೋ ಹಾಗೆ ಮಾಡುತ್ತೆ. ಆಟ ಆಡಿ, ಬೇಡ ಅನ್ನಲ್ಲ. ಕೆಳಗಿಟ್ಟರೆ ತೆಪ್ಪಗಿರೋ ಆಟ ಆಡಿ.

ಕೊನೆಗೆ ಯಾರು ಏನಾದರು ಅಂದರೆ, ಪಚ್ಚೆ ಪೇಟದ ವ್ಯಾಪಾರಿಯನ್ನ ಅವನ ದೋಣಿಯಲ್ಲೇ ಕೂರಿಸಿ, ಊರಿನ ಫೋನುಗಳಿಂದ ಆ ಆಟ ಕಿತ್ತು, ಅವನ ಫೋನಲ್ಲಿ ಮಾತ್ರ ಬಿಟ್ಟು ಹೊಳೆಗೆ ತಳ್ಳಿದರು. ಅದು ಅವನನ್ನ ಕೂಗ್ತಾನೇ ಹೋಯಿತು. ಕುಂಬಾರನೂ ಬೆಸ್ತನೂ ಒಂದೇ ಗಡಿಗೇಲಿ ಮೀನು ಸಾರು ಮಾಡಿಕೊಂಡು ಉಂಡರು. ರಾಜ ಏನು ಕೇಳಿದರೂ ಊಟ ಮುಗಿಸಿ ಕೈ ತೊಳೆದ ಮೇಲೆ ತೀರ್ಮಾನ ಹೇಳೋನಾದ. ಮುದ್ದಾಜಿ ಅವರೆಹುಳಿ ಎರಡು ಸಲ ಹಾಕಿಸಿಕೊಂಡು ಉಂಡು ನಕ್ಕಿತು, ಪಾರಿವಾಳ ಹಾರಿದವು. ಅತ್ತೆ ಮಾತ್ರ ಸಾಯೋವರೆಗೂ "ಪಾಯಸದಲ್ಲಿ ಫೋನು ತೊಳೆದ ಸೊಸೆ" ಅಂತ ಮಂಚಮ್ಮನನ್ನ ಆಡಿಕೊಂಡಳು. ನಿಂಗಾಜಿಯ ಜಗಲಿ ಮೊದಲಿನ ಹಾಗೇ ತುಂಬಿತು.

ಮಂಚಮ್ಮ? ಗುಡಾಣದ ಆಚೆ ಬದಿಗೆ ಕೂತು ನಿಂಗಾಜಿಯ ಜೊತೆ ಅವರೆಕಾಯಿ ಬಿಡಿಸಿದಳು. ಅವಳ ಹೊಟ್ಟೆಕಿಚ್ಚು ಪೂರ್ತಿ ಹೋಯಿತಾ ಅಂದರೆ, ಇಲ್ಲಪ್ಪ, ತಮಟೆ ಕೇಳಿದಾಗ ಒಮ್ಮೊಮ್ಮೆ ಒಳಗೆ ಕೂಗ್ತಿತ್ತು. ಆಗ ಅವಳು ಅದರ ಬಾಯಿಗೊಂದು ತಟ್ಟೆ ಮುಚ್ಚಿ, ಇನ್ನೊಂದು ಅವರೆಕಾಯಿ ಕೈಗೆತ್ತಿಕೊಳ್ಳೋಳು.