ಕಣ್ಣೀರಂಜೂರ

ಕಾಲು ನೀಡ್ಕೊಂಡು ಮಲಗು ಶಾರಿ, ಹಂಗೆ ಮುದುರ್ಕೊಂಡ್ರೆ ನಂಗೆ ಜಾಗ ಎಲ್ಲಿದೆ? ಕತೆ ಬೇಕಂತೆ ಕತೆ. ಸಾಯಂಕಾಲ ಮೂಲೆಮನೆ ಜಯಂತಿ ನೆಡೋಕೆ ನಮ್ಮ ಅಂಜೂರದ್ದೊಂದು ಕಡ್ಡಿ ಕೇಳಿದ್ರೆ ಕೊಡಲ್ಲ ಹೋಗೆ ಅಂದ್ಯಲ್ಲ, ನಂಗೆಲ್ಲ ಕೇಳಿಸ್ತು. ಕಣ್ಣು ಮಂಜಾಗಿರಬಹುದು, ಕಿವಿ ಇನ್ನೂ ಚುರುಕಾಗೇ ಇದೆ. ಅದಕ್ಕೆ ಇವತ್ತು ಬೇರೆ ಕತೆ ಇಲ್ಲ, ಇದೇ ಕತೆ. ಹೆದರಿಕೆ ಆದ್ರೆ ನನ್ನ ಸೆರಗು ಹಿಡ್ಕೋ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆದಂಡೆ ಮೇಲಿನ ಒಂದೂರಲ್ಲಿ ಮುದ್ದೇಗೌಡ ಅಂತ ಒಬ್ಬನಿದ್ನಂತೆ. ಅವನಿಗೆ ಹೆಂಡ ಬೇಡ, ಇಸ್ಪೀಟು ಬೇಡ, ಇದ್ದದ್ದು ಒಂದೇ ಹುಚ್ಚು, ಅಂಜೂರದ್ದು. ಲೋಕದಲ್ಲಿ ಎಷ್ಟು ಜಾತಿ ಅಂಜೂರ ಇದೆಯೋ ಅಷ್ಟೂ ತನ್ನ ಹಿತ್ತಲಲ್ಲಿ ಇರಬೇಕು ಅಂತ. ಕೆಂಪಗಿರೋದು, ಹಳದಿದು, ಗೋಲಿಯಷ್ಟು ಪುಟ್ಟದು, ಮುಷ್ಟಿಯಷ್ಟು ದಪ್ಪದು, ಎಲ್ಲ ಸಾಲಾಗಿ ನೆಟ್ಟಿದ್ನಂತೆ. ಹಿತ್ತಲ ಸುತ್ತ ಮುಳ್ಳುಬೇಲಿ, ಮರಮರಕ್ಕೂ ಬಲೆ, ಗುಬ್ಬಿ ಕೂಡ ಕೊಕ್ಕು ಹಾಕಬಾರದು. ಬಂದೋರಿಗೆ ಹಣ್ಣು ತೋರಿಸೋನಂತೆ, ತಿನ್ನೋಕೆ ಕೊಡ್ತಿರಲಿಲ್ವಂತೆ. ಕಡ್ಡಿ ಕೇಳಿದ್ರಂತೂ ನಾಯಿ ಬಿಡೋನಂತೆ. ಥೂ, ಅದೂ ಒಂದು ಬಾಳಾ?

ಅವನಿಗೆ ಮೂವರು ಮಕ್ಕಳು. ದೊಡ್ಡೋನು ಕೆಂಪಣ್ಣ, ನಡುವಿನವನು ಬೋರಣ್ಣ. ಕಿರಿಯವನು ಹೊಳೆಯಪ್ಪ ಇದಾನಲ್ಲ, ಅವನು ಹೆತ್ತ ಮಗ ಅಲ್ಲ. ಒಂದು ಮಳೆಗಾಲ ಹೊಳೆ ತುಂಬಿ ಬಂದಾಗ ಮಂಕರಿಯಲ್ಲಿ ತೇಲ್ಕೊಂಡು ಬಂದ ಕೂಸು, ಇನ್ನೂ ತೊದಲು ಮಾತು. ಗೌಡ ಎತ್ಕೊಂಡು ಬಂದು ಸಾಕಿದ್ನಂತೆ. ಸಾಕಿದ್ದೇನೋ ನಿಜ, ಆದ್ರೆ ಊಟಕ್ಕೆ ಕೂತಾಗೆಲ್ಲ, ನಾನು ಎತ್ತದೇ ಇದ್ದಿದ್ರೆ ಮೀನು ತಿಂದಿರ್ತಿತ್ತು ನಿನ್ನ ಅಂತ ಹೇಳಿ ಹೇಳಿ, ಪಾಪ ಆ ಹುಡುಗ ತಲೆ ಎತ್ತಿ ಮಾತಾಡೋದನ್ನೇ ಕಲೀಲಿಲ್ವಂತೆ.

ಆಮೇಲೆ ಒಂದು ದಿನ ಗೌಡ ಮಕ್ಕಳನ್ನ ಕರೆದು ಹೇಳಿದ್ನಂತೆ, ನಮ್ಮ ಹಿತ್ತಲಲ್ಲಿ ಇಲ್ಲದ್ದು ಇನ್ನು ಮೂರೇ ಜಾತಿ. ಒಂದು ಕಾಡಿಗೆ ಅಂಜೂರ, ಒಳಗೂ ಹೊರಗೂ ಕಪ್ಪು. ಇನ್ನೊಂದು ಹುಲಿ ಅಂಜೂರ, ಹಸಿರು ಮೈಮೇಲೆ ಹಳದಿ ಪಟ್ಟೆ. ಮೂರನೇದು ಕಣ್ಣೀರಂಜೂರ, ಹಣ್ಣು ಮಾಗಿದಾಗ ಅದರ ತಳದ ಕಣ್ಣಿಂದ ಒಂದು ಹನಿ ಜೇನು ಇಳಿದು ಹಂಗೇ ನಿಲ್ಲುತ್ತೆ. ಹೋಗಿ ಕಡ್ಡಿ ತನ್ನಿ. ಕಡ್ಡಿ ತಗೊಂಡ ಮೇಲೆ ತಾಯಿಮರ ಕಡಿದು ಬೇರಿಗೆ ಉಪ್ಪು ಸುರೀರಿ, ಆ ಜಾತಿ ನನ್ನ ಹತ್ರ ಬಿಟ್ರೆ ಇನ್ನೆಲ್ಲೂ ಇರಕೂಡದು. ಹಣ್ಣು ಮಾತ್ರ ಬಾಯಿಗೆ ಇಡಬೇಡಿ, ತಿಂದ್ರೆ ಕೊಡಲಿ ಏಳಲ್ಲ ಅಂದ್ನಂತೆ. ಅದಕ್ಕೆ ಅಂತಲೇ ಮೂಟೆ ಮೂಟೆ ಉಪ್ಪು ತರಿಸಿ ಹಿತ್ತಲ ಕೊಟ್ಟಿಗೆಯಲ್ಲಿ ಒಟ್ಟಿದ್ನಂತೆ.

ಮೊದಲು, ಚಳಿಗಾಲದಲ್ಲೇ, ಕೆಂಪಣ್ಣ ಹೋದ. ಕಾಡಿಗೆ ಅಂಜೂರ ಇದ್ದದ್ದು ಗುಡ್ಡದ ಮೇಲಿನ ಗಾಣಿಗರ ಮನೇಲಿ. ಅವರು, ಅಯ್ಯೋ ಕಡ್ಡಿ ತಾನೆ, ಅದಕ್ಕೇನು, ತಗೊಳಪ್ಪ ಅಂತ ಕೊಟ್ಟು, ರಾಗಿಮುದ್ದೆ ಬಡಿಸಿ, ಹಾಸಿ ಮಲಗಿಸಿ ಗಾಣಕ್ಕೆ ಹೋದ್ರಂತೆ. ಇವನು ಎದ್ದು ಕೊಡಲಿ ತಗೊಂಡು ಮರ ಉರುಳಿಸಿ, ಉಪ್ಪು ಸುರಿದು, ಉಂಡ ಎಂಜಲುಗೈ ಕೂಡ ತೊಳೀದೆ ಬಂದ್ನಂತೆ.

ಆಮೇಲೆ ಬೋರಣ್ಣ ಹೋದ. ಹುಲಿ ಅಂಜೂರ ಇದ್ದದ್ದು ಕುಂಬಾರರ ಹಿತ್ತಲಲ್ಲಿ. ಅವರೂ ಕಡ್ಡಿ ಕೊಟ್ರಂತೆ. ಕೊಡಲಿ ತೆಗೆದಾಗ ಆ ಮನೆಯ ಹುಡುಗಿ, ನಿನ್ನಷ್ಟೇ ಇದ್ಲು, ಓಡಿಬಂದು ಮರ ತಬ್ಕೊಂಡ್ಲಂತೆ. ಬೋರಣ್ಣ ಅವಳ ಜಡೆ ಹಿಡಿದು ಎಳೆದು ಬಿಸಾಕಿ ಮರ ಕಡಿದ್ನಂತೆ. ಮನೇಲಿದ್ದೋರು ಕೊಡಲಿ ಹಿಡಿದವನ ಹತ್ರ ಹೋಗೋಕೆ ಹೆದರಿ ನಿಂತಲ್ಲೇ ನಿಂತ್ರಂತೆ. ಆ ಹುಡುಗಿ ಅತ್ತದ್ದು ಊರಾಚೆವರೆಗೂ ಕೇಳಿಸ್ತಿತ್ತಂತೆ.

ಈಗ ಉಳಿದದ್ದು ಹೊಳೆಯಪ್ಪ, ಅವನ ಸರದಿ ಬರೋ ಹೊತ್ತಿಗೆ ಮರವೆಲ್ಲ ಚಿಗುರಿ ಹಣ್ಣು ಬಿಟ್ಟಿದ್ವಂತೆ. ಅವನು ಹೊಳೆ ಪಕ್ಕದಲ್ಲೇ ಮೇಲಕ್ಕೆ ನಡೆದೂ ನಡೆದೂ, ನೀರು ಹುಟ್ಟೋ ಕಡೆಗೆ ಹೋದ್ನಂತೆ. ಅಲ್ಲೊಂದು ಗುಡಿಸಲು. ಅದರಲ್ಲಿ ದ್ಯಾವವ್ವ ಅಂತ ಒಬ್ಬಳು ಮುದುಕಿ, ಅತ್ತೂ ಅತ್ತೂ ಎರಡೂ ಕಣ್ಣು ಹೋಗಿದ್ವಂತೆ. ಗುಡಿಸಲ ಮುಂದೆ ಕಣ್ಣೀರಂಜೂರದ ಮರ. ಆ ಮರಕ್ಕೆ ಒಂದು ಉದ್ದನೆ ಹಗ್ಗ ಬಿಗಿದು, ಇನ್ನೊಂದು ತುದೀನ ಹೊಳೆದಂಡೆಯ ಗೂಟಕ್ಕೆ ಕಟ್ಟಿದ್ಲಂತೆ. ನೀರಿಗೆ ಹೋಗೋವಾಗ ಹಗ್ಗ ಹಿಡಿದು ಹೋಗೋದು, ಬರೋವಾಗ ಅದನ್ನೇ ಹಿಡಿದು ಬರೋದು. ಕಣ್ಣಿಲ್ಲದೋಳಿಗೆ ಮನೆ ದಾರಿ ಅಂದ್ರೆ ಆ ಮರವೇ.

ಯಾಕವ್ವಾ ಅಷ್ಟು ಅತ್ತೆ ಅಂತ ಹೊಳೆಯಪ್ಪ ಕೇಳಿದ್ನಂತೆ. ಏನು ಹೇಳ್ಲಪ್ಪ ಅಂದ್ಲಂತೆ, ಒಂದು ಮಳೆಗಾಲ ನೀರು ಮನೆಯೊಳಗೇ ನುಗ್ಗಿತು, ಮಗೂನ ಮಂಕರಿಗೆ ಹಾಕ್ಕೊಂಡು ತಲೆಮೇಲೆ ಹೊತ್ತೆ, ಕಾಲು ಜಾರಿತು, ಮಂಕರಿ ಕೈತಪ್ಪಿ ಹೋಯ್ತು. ಆ ಮಗೂಗೆ ಈ ಹಣ್ಣು ಅಂದ್ರೆ ಪ್ರಾಣ. ಎಲ್ಲಾದ್ರೂ ಬದುಕಿದ್ರೆ, ಈ ಕಡೆ ಬಂದ್ರೆ, ಈ ಹಣ್ಣು ತಿಂದ್ರೆ ಅಮ್ಮನ ನೆನಪಾದೀತು ಅಂತ ಈ ಮರ ಕಾಯ್ಕೊಂಡು ಕೂತಿದೀನಿ ಅಂದ್ಲಂತೆ.

ಏನೇ, ಅವಳೇ ಅವನ ಅಮ್ಮನಾ ಅಂತೀಯಾ? ಸುಮ್ನಿರು, ಕತೆ ಹೇಳ್ತಿರೋದು ನಾನೋ ನೀನೋ? ನಿಂಗೆ ಗೊತ್ತಾಯ್ತು, ಅವನಿಗೆ ಗೊತ್ತಾಗಬೇಕಲ್ಲ. ಗೌಡ ಅವನಿಗೆ ಹೊಳೆಯಲ್ಲಿ ಸಿಕ್ಕೆ ಅಂದಿದ್ದ, ಮಂಕರಿ ಮಾತು ಎತ್ತೇ ಇರಲಿಲ್ಲ. ಎಲ್ಲಿ ಹುಡುಕ್ಕೊಂಡು ಹೋಗ್ತಾನೋ ಅಂತ. ಅಂಥಾ ಕಳ್ಳ ಅವನು.

ಆಮೇಲೆ ಹೊಳೆಯಪ್ಪ ಕಡ್ಡಿ ಕೇಳಿದ್ನಂತೆ. ದ್ಯಾವವ್ವ ಅಂದ್ಲಂತೆ, ಕೊಡೋಕೇನು ಮಗಾ, ಆದ್ರೆ ಇದು ಮರದಲ್ಲಿ ಹಾಲು ತುಂಬಿರೋ ಕಾಲ, ಈಗ ಕಡಿದ್ರೆ ಕಡ್ಡಿ ಕೊಳೆತು ಹೋಗುತ್ತೆ. ಚಳಿ ಬೀಳಲಿ, ಎಲೆ ಉದುರಲಿ, ಆಗ ಬಾ, ನಾನೇ ಕೈಯಾರೆ ಕೊಡ್ತೀನಿ. ಹೊಳೆಯಪ್ಪನಿಗೆ ಕಾಯೋಣ ಅಂತಲೇ ಮನಸ್ಸು. ಆದ್ರೆ ಬರಿಗೈಯಲ್ಲಿ ಬಂದ್ರೆ ಬಾಗಿಲು ತೆಗೆಯಲ್ಲ ಅಂತ ಹೊರಡೋವಾಗಲೇ ಹೇಳಿ ಕಳಿಸಿದ್ನಂತೆ ಗೌಡ. ಅವನಿಗೆ ಆ ಮನೆ ಬಿಟ್ರೆ ಲೋಕದಲ್ಲಿ ಇನ್ನು ಯಾರಿದ್ರು? ಮುದುಕಿ ಹಗ್ಗ ಹಿಡ್ಕೊಂಡು ನೀರಿಗೆ ಹೋದಳು ನೋಡು, ಇವನು ಕಣ್ಣು ಮುಚ್ಕೊಂಡು ಕೊಡಲಿ ಎತ್ತಿದ್ನಂತೆ.

ಮರ ಬಿತ್ತು, ಅದಕ್ಕೆ ಬಿಗಿದಿದ್ದ ಹಗ್ಗ ಕಳಚಿಕೊಳ್ತು. ಕಡಿದ ಕಡೆಯೆಲ್ಲ ಬೆಳ್ಳಗೆ ಹಾಲು ಸುರೀತು, ಅವನ ಕೈ ಮೈಯೆಲ್ಲ ಅಂಟಾಯ್ತು. ಒಂದು ಕಡ್ಡಿ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡ. ಇನ್ನು ಉಪ್ಪು ಸುರೀಬೇಕು ಅಂತ ಗಂಟು ಬಿಚ್ಚಿದಾಗ ಹೊಳೆ ಕಡೆ ನೋಡಿದ್ನಂತೆ. ಅಲ್ಲಿ ದ್ಯಾವವ್ವ ಸೊಂಟದ ಮೇಲೆ ಕೊಡ ಇಟ್ಕೊಂಡು ನಿಂತಿದ್ಲು. ಬಿಗಿಯಾಗಿದ್ದ ಹಗ್ಗ ಅವಳ ಕೈಯಲ್ಲಿ ಸಡಿಲ ಆಗಿ ನೆಲಕ್ಕೆ ಬಿದ್ದಿತ್ತು. ಅವಳು ಎಳೀತಾಳೆ, ಹಗ್ಗ ಬರ್ತಾನೇ ಇದೆ. ಒಂದು ಹೆಜ್ಜೆ ಆ ಕಡೆ ಇಡ್ತಾಳೆ, ಹಿಂದಕ್ಕೆ ತೆಗೀತಾಳೆ. ಪಕ್ಕದಲ್ಲೇ ಹೊಳೆ ಮಡುವು. ಯಾರಾದ್ರೂ ಇದೀರೇನಪ್ಪಾ ಅಂತ ಕೂಗಿದ್ಲಂತೆ.

ಹೊಳೆಯಪ್ಪ ಓಡಿಹೋಗಿ ಹಗ್ಗದ ತುದಿ ಎತ್ಕೊಂಡು, ಮರ ಎಲ್ಲಿತ್ತೋ ಅಲ್ಲೇ ನಿಂತು, ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದ್ನಂತೆ. ಹಗ್ಗ ಬಿಗೀತು. ಅವಳು ಅದನ್ನ ಹಿಡ್ಕೊಂಡು ಮೆಲ್ಲಗೆ, ಮೆಲ್ಲಗೆ, ನಡ್ಕೊಂಡು ಬಂದ್ಲಂತೆ. ಬಂದು ದಿನಾ ಮರ ಮುಟ್ಟೋ ಹಾಗೆ ಕೈ ಚಾಚಿದ್ಲು. ಕೈಗೆ ಸಿಕ್ಕಿದ್ದು ಅವನ ಎದೆ.

ದ್ಯಾವವ್ವ ಕೊಡ ಇಳಿಸಿ ನೆಲದ ಮೇಲೆ ಕೂತು, ಕೈಯಾಡಿಸಿ ಬಿದ್ದ ಕೊಂಬೆ ತಡವಿದ್ಲು, ಎಲೆ ತಡವಿದ್ಲು. ಆಮೇಲೆ ಒಡೀದೆ ಉಳಿದಿದ್ದ ಒಂದು ಹಣ್ಣು ಹುಡುಕಿ, ಮಣ್ಣು ಒರೆಸಿ, ಅವನ ಕಡೆ ಚಾಚಿ, ತಗೋಪ್ಪ, ತಿನ್ನು, ಬೆಳಗಿಂದ ಏನೂ ತಿಂದಿಲ್ಲ ನೀನು, ಇನ್ನು ಈ ಹಣ್ಣು ಯಾರಿಗೂ ಇಲ್ಲ ಅಂದ್ಲಂತೆ.

ಗೌಡ ತಿನ್ನಬೇಡ ಅಂದಿದ್ದು ನೆನಪಾಯ್ತು. ಆದ್ರೂ ಕೊಡೋ ಕೈ ನೋಡಿ ಬೇಡ ಅನ್ನೋಕೆ ಆಗಲಿಲ್ಲ. ಮೊದಲು ಹಣ್ಣಿನ ಕಣ್ಣಲ್ಲಿ ನಿಂತಿದ್ದ ಹನೀನ ಸುರ್ ಅಂತ ಹೀರಿದ, ಆಮೇಲೆ ಹಣ್ಣು ತಿರುವಿ ತೊಟ್ಟಿನ ಕಡೆಯಿಂದ ಕಚ್ಚಿದ. ಮುದುಕಿ ಆ ಸದ್ದು ಕೇಳಿ ಅವನ ಕೈ ಹಿಡ್ಕೊಂಡ್ಲಂತೆ. ಹಂಗೆ ತಿನ್ನೋಕೆ ಯಾರು ಕಲಿಸಿದ್ರು ನಿಂಗೆ ಅಂದ್ಲು. ಗೊತ್ತಿಲ್ಲವ್ವ ಅಂದ. ಹನಿ ಮೊದಲು, ಹಣ್ಣು ಆಮೇಲೆ ಅಂದ್ಲು. ಅವನಿಗೆ ಬಾಯಿ ತುಂಬ ಸಿಹಿ, ಕಣ್ಣು ತುಂಬ ನೀರು. ಯಾವುದೋ ಮಡಿಲು ನೆನಪಾಯ್ತು, ತಲೆ ಮೇಲೆ ಎಲೆ ಅಲ್ಲಾಡ್ತಿದ್ದದ್ದು ನೆನಪಾಯ್ತು, ಯಾರೋ ಬೆರಳ ತುದಿಯಲ್ಲಿ ನಾಲಿಗೆಗೆ ಹನಿ ಇಟ್ಟದ್ದು ನೆನಪಾಯ್ತು. ಅವ್ವಾ ಅಂದ್ನಂತೆ. ಮರ ಕಡಿದೋನು ನಾನೇ ಕಣವ್ವಾ ಅಂದ್ನಂತೆ.

ಗೊತ್ತು ಕಣೋ, ನಿನ್ನ ಕೈಯೆಲ್ಲ ಹಾಲಿನ ವಾಸನೆ ಅಂದ್ಲಂತೆ. ಅಂದು, ಮೊದಲು ಫಟಾರ್ ಅಂತ ಕೆನ್ನೆಗೊಂದು ಏಟು ಕೊಟ್ಲಂತೆ. ಆಮೇಲೆ ತಬ್ಕೊಂಡು, ಹೊಳೆ ಆಚೆವರೆಗೂ ಕೇಳೋ ಹಾಗೆ ಅತ್ತಳಂತೆ.

ಆ ಉಪ್ಪಿನ ಗಂಟು ಹೊಳೆ ಪಾಲಾಯ್ತು. ಕಡ್ಡಿ ಮಾತ್ರ ಅವಳು ಹೇಳಿದ ಹಾಗೇ ಕೊಳೆತು ಹೋಯ್ತು. ಹೊಳೆಯಪ್ಪ ಊರಿಗೆ ವಾಪಸ್ಸು ಹೋಗಲೇ ಇಲ್ಲ. ಗುಡಿಸಲ ಮುಂದೆ ಕಂಬ ಹೂತು ಹಗ್ಗ ಕಟ್ಟಿಕೊಟ್ಟ, ದಿನಾ ಮರದ ಬುಡಕ್ಕೆ ನೀರು ಹೊಯ್ದ.

ಇತ್ತ ಗೌಡನ ಕತೆ ಏನಾಯ್ತು ಅಂದ್ರೆ, ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಕೊಟ್ಟಿಗೆ ಸೋರಿ, ಒಟ್ಟಿದ್ದ ಉಪ್ಪಿನ ಮೂಟೆಯೆಲ್ಲ ಕರಗಿ, ಆ ನೀರು ಹಿತ್ತಲಿಗೇ ಹರೀತಂತೆ. ಕೆಂಪು ಹೋಯ್ತು, ಹಳದಿ ಹೋಯ್ತು, ಕಾಡಿಗೆ ಅಂಜೂರ ಹೋಯ್ತು, ಹುಲಿ ಅಂಜೂರ ಹೋಯ್ತು, ಎಲ್ಲ ಬೇರು ಸಮೇತ ಸುಟ್ಟು ಹೋದ್ವು. ಗೌಡ ಹುಚ್ಚು ಹಿಡಿದೋನ ಥರ ಮತ್ತೆ ಕಡ್ಡಿ ಹುಡುಕ್ಕೊಂಡು ಗಾಣಿಗರ ಮನೆಗೆ ಹೋದ, ಕುಂಬಾರರ ಮನೆಗೆ ಹೋದ. ಎಲ್ಲಿದೆ? ಇವನೇ ಕಡಿಸಿದ್ನಲ್ಲ. ಕೊನೆಗೆ ಚಳಿಗಾಲದಲ್ಲಿ, ಕೋಲೂರಿಕೊಂಡು ದ್ಯಾವವ್ವನ ಗುಡಿಸಲಿಗೆ ಬಂದ್ನಂತೆ. ಅಲ್ಲಿ ಬುಡದಿಂದ ಚಿಗುರು ಎದ್ದು ತೋಳುದ್ದ ಬೆಳೆದಿತ್ತು. ಹೊಳೆಯಪ್ಪನ ಕೈ ಕೊಡಲಿ ಕಡೆ ಹೋಯ್ತಂತೆ. ದ್ಯಾವವ್ವ, ಕೇಳಿದೋರಿಗೆ ಇಲ್ಲ ಅನ್ಬಾರದು, ಒಂದು ಕಡ್ಡಿ ಕೊಟ್ಟು ಕಳಿಸು ಅಂದ್ಲಂತೆ. ಕೊಟ್ಟ. ಆದ್ರೆ ನೆಡೋಕೆ ಗೌಡನಿಗೆ ನೆಲ ಎಲ್ಲಿದೆ? ಅವನ ಹಿತ್ತಲಲ್ಲಿ ಹುಲ್ಲೂ ಹುಟ್ಟಲ್ಲ. ಕುಂಬಾರರ ಮನೆಗೆ ಹೋಗಿ, ನಿಮ್ಮ ಹಿತ್ತಲಲ್ಲಿ ನೆಡ್ತೀನ್ರಮ್ಮಾ ಅಂದ್ರೆ, ಆ ಹುಡುಗಿ ಮುಖಕ್ಕೆ ಹೊಡೆದಂಗೆ ಬಾಗಿಲು ಹಾಕಿದ್ಲಂತೆ. ಕಡ್ಡಿ ಅವನ ಕೈಯಲ್ಲೇ ಒಣಗಿತು. ಅವನೂ ಅದನ್ನ ಹಿಡ್ಕೊಂಡೇ ದಾರಿಬದೀಲಿ ಸತ್ತನಂತೆ.

ಮುಂದಿನ ವರ್ಷ ಕಣ್ಣೀರಂಜೂರ ಹಣ್ಣು ಬಿಡ್ತು, ಒಂದೇ ಒಂದು. ಹೊಳೆಯಪ್ಪ ಅದರ ಹನೀನ ಬೆರಳಲ್ಲಿ ತಗೊಂಡು ಅವ್ವನ ನಾಲಿಗೆಗೆ ಇಟ್ನಂತೆ. ಆಮೇಲೆ ವರ್ಷಾ ವರ್ಷಾ ಕೇಳಿದೋರಿಗೆಲ್ಲ ಕಡ್ಡಿ ಕೊಟ್ಟ. ಕಾಡಿಗೆ, ಹುಲಿ, ಅವೆರಡೂ ಹೋಗಿದ್ದು ಹೋಗೇ ಬಿಟ್ವು. ನಾನೂ ನೋಡಿಲ್ಲ, ನನ್ನ ಅಜ್ಜೀನೂ ನೋಡಿರಲಿಲ್ಲ.

ಅವರು ಅಲ್ಲಿ ಮರದ ನೆರಳಲ್ಲಿ ಅವ್ವ ಮಗ ಸುಖವಾಗಿದ್ರು, ನಾವಿಲ್ಲಿ ಒಂದೇ ಕಂಬಳೀಲಿ ಅಜ್ಜಿ ಮೊಮ್ಮಗಳು ಇದೀವಿ, ಕತೆ ಮುಗೀತು, ಕಣ್ಣು ಮುಚ್ಚು.

ಇನ್ನೇನೇ? ಮರ ಕಡಿದೋನು ಅಂತ ಗೊತ್ತಿದ್ದೂ ಯಾಕೆ ಹಣ್ಣು ಕೊಟ್ಲು ಅಂತೀಯಾ? ಹಸಿದಿದ್ದ ಕಣೆ. ಹೊಟ್ಟೆ ಗುರ್ ಅನ್ನೋದು ಕೇಳಿಸಿರುತ್ತೆ ಅವಳಿಗೆ, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಜಯಂತಿ ಮನೆಗೆ ಹೋಗಿ ಹೇಳು, ಈಗ ಹಾಲಿರೋ ಕಾಲ, ಎಲೆ ಉದುರಿದ ಮೇಲೆ ಬಾ, ನಾನೇ ಕೊಡ್ತೀನಿ ಅಂತ.