ಕನ್ನಡಕ ಹಾಕಿಕೊಂಡು ಗುಡ್ಡ ಹತ್ತಿದ ಪಿಳ್ಳಪ್ಪ

ಹದ್ದಿನಗುಡ್ಡದ ಬುಡದಲ್ಲಿ ಒಬ್ಬ ತಾಯಿ ಇದ್ದಳು, ಅವಳಿಗೊಬ್ಬ ಮಗನಿದ್ದ. ತಾಯಿಯ ಹೆಸರು ಅಕ್ಕಯಮ್ಮ, ಮಗನ ಹೆಸರು ಪಿಳ್ಳಪ್ಪ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು ಪಿಳ್ಳಪ್ಪ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ. ಹಾಲು ಉಕ್ಕಿದರೆ ಕರೆಯೋ ಎಂದು ತಾಯಿ ಹಿತ್ತಲಿಗೆ ಹೋದರೆ, ಉಕ್ಕುವವರೆಗೂ ಕಾದು, ಉಕ್ಕಿ ಒಲೆ ಆರಿದ ಮೇಲೆ ಕರೆಯುತ್ತಿದ್ದ. ಇವನಿಗೆ ಬುದ್ಧಿ ಹೇಳಿ ಹೇಳಿ ನನ್ನ ಬುದ್ಧಿಯೇ ಸವೆದುಹೋಯಿತು ಎಂದು ತಾಯಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಒಂದು ವಿದ್ಯೆ ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಸತ್ತುಹೋದ ಅಪ್ಪನ ಹಳೆಯ ಬೈಕನ್ನು ಎಂಥ ತಿರುವಿನಲ್ಲೂ ಅಲುಗದಂತೆ ಓಡಿಸುತ್ತಿದ್ದ.

ಅಕ್ಕಯಮ್ಮನ ತವರು ಗುಡ್ಡದ ಆಚೆ, ಹೊಂಗೆಕೆರೆ. ಮದುವೆಯ ಊಟದಲ್ಲಿ ಗಂಡನ ಅಣ್ಣನನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸಿದರು ಎಂಬ ಸಿಟ್ಟಿಗೆ ಗಂಡ, ತಾನಾಗಲಿ ಹೆಂಡತಿಯಾಗಲಿ ಆ ಊರಿನ ಕೆರೆಯ ಏರಿ ದಾಟುವುದಿಲ್ಲ ಎಂದು ಆಣೆ ಮಾಡಿದ್ದ. ಆಣೆ ಮಾಡಿದವನೇ ವರ್ಷಕ್ಕೆ ಕೆಲವು ಸಲ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗುಡ್ಡದ ನೆತ್ತಿಗೆ ಹೋಗುತ್ತಿದ್ದ. ಅಲ್ಲಿ ಒಂದು ಮೋಟುಗೋಡೆ. ಗೋಡೆಯ ಪಕ್ಕ ಗಾಡಿ ನಿಲ್ಲಿಸಿ, ನೋಡು, ನಿನ್ನ ತವರು, ಎನ್ನುತ್ತಿದ್ದ. ಕೆಳಗೆ ದೂರದಲ್ಲಿ ಕೆರೆ ಹೊಳೆಯುತ್ತಿತ್ತು. ಅವಳು ಕಣ್ತುಂಬ ನೋಡುತ್ತಿದ್ದಳು. ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡು ಬೀಡಿ ಸೇದುತ್ತಿದ್ದ. ಮದುವೆಯಾದ ಮೇಲೆ ಅವಳು ಕಂಡ ತವರು ಅಷ್ಟೇ. ತಾಯಿ ತಂದೆ ತೀರಿದರು, ಗಂಡನೂ ತೀರಿದ. ಆಣೆಯನ್ನು ಅವಳು ಮುರಿಯಲಿಲ್ಲ.

ಈಗ ಅವಳ ಕಣ್ಣು ಹೋಗುತ್ತಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ನರ ಒಣಗುವ ರೋಗ, ಉಳಿದಷ್ಟು ದಿನ ನೋಡಿಕೊಳ್ಳಮ್ಮ ಎಂದರು ಕಣ್ಣಿನ ಡಾಕ್ಟರು. ಮನೆಗೆ ಬಂದವಳೇ ಮಗನಿಗೆ ಹೇಳಿದಳು.

"ಪಿಳ್ಳಾ, ಪೂರ್ತಿ ಕತ್ತಲಾಗುವುದರೊಳಗೆ ಒಂದು ಸಲ ಆ ಕೆರೆ ನೋಡಬೇಕು ಕಣೋ. ನಿಮ್ಮಪ್ಪ ನಿಲ್ಲಿಸುತ್ತಿದ್ದ ಜಾಗದಿಂದಲೇ ನೋಡಬೇಕು."

ಪಿಳ್ಳಪ್ಪನಿಗೆ ಭಾನುವಾರವೇ ಬಿಡುವು. ಉಳಿದ ದಿನ ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಕೂಲಿ. ಭಾನುವಾರ ಬಂದರೆ ಗುಡ್ಡದ ರಸ್ತೆ ಮೊದಲಿನ ರಸ್ತೆಯಲ್ಲ. ಪೇಟೆಯಿಂದ ದೊಡ್ಡ ದೊಡ್ಡ ಬೈಕುಗಳು ಗುಂಪುಗುಂಪಾಗಿ ಬರುತ್ತಿದ್ದವು. ಕಣ್ಣಿಗೆ ಹುಳ ಬಡಿದು, ಜಲ್ಲಿ ಸಿಡಿದು ಕೆಲವರು ಹಳ್ಳಕ್ಕೆ ಬಿದ್ದಿದ್ದರು. ಅದಕ್ಕೇ ಪೊಲೀಸರು ಗುಡ್ಡದ ಎರಡೂ ಬುಡಗಳಲ್ಲಿ ಅಡ್ಡಗಟ್ಟೆ ಇಟ್ಟು, ಓಡಿಸುವವನಿಗೂ ಹಿಂದೆ ಕೂತವನಿಗೂ ಕಣ್ಣಿಗೆ ರಕ್ಷಣೆ ಇಲ್ಲದಿದ್ದರೆ ಬಿಡುವಂತಿಲ್ಲ ಎಂದು ಕಾನೂನು ಮಾಡಿದ್ದರು. ಈಚೆ ಬುಡದಲ್ಲಿ ನಿಲ್ಲುತ್ತಿದ್ದವರು ದಫೇದಾರ್ ಮೆಹಬೂಬ್ ಸಾಹೇಬರು.

ಮೊದಲ ಭಾನುವಾರ ತಾಯಿ ಮಗ ಗಾಜಿಲ್ಲದ ಹಳೆಯ ಹೆಲ್ಮೆಟ್ ಹಾಕಿಕೊಂಡು ಹೋದರು. ಸಾಹೇಬರು ಕೈ ಅಡ್ಡ ಹಿಡಿದು, ಕಣ್ಣ ಮುಂದೆ ಗಾಜಿರಬೇಕಪ್ಪ, ಗಾಜಿಲ್ಲದೆ ಯಾರೂ ಹತ್ತುವ ಹಾಗಿಲ್ಲ ಎಂದರು. ಪಿಳ್ಳಪ್ಪ ಆಗಲಿ ಸಾರ್ ಎಂದು ತಿರುಗಿಸಿಕೊಂಡು ಬಂದ.

ಕಣ್ಣ ಮುಂದೆ ಗಾಜಿರಬೇಕು. ಪಿಳ್ಳಪ್ಪ ಮನೆಯೆಲ್ಲ ಹುಡುಕಿದ. ಅಡುಗೆಮನೆಯ ಕಿಟಕಿಯಲ್ಲಿ ಒಳ್ಳೆಯ ಗಾಜಿತ್ತು. ಮರುವಾರ ಚೌಕಟ್ಟಿನ ಸಮೇತ ಕಿತ್ತು, ಬೈಕಿನ ಹಿಡಿಕೆಗೆ ಅಡ್ಡಲಾಗಿ ಹುರಿಯಿಂದ ಬಿಗಿದ. ಅಕ್ಕಯಮ್ಮನಿಗೆ ಮಬ್ಬುಗಣ್ಣು, ಮಗನ ಬೆನ್ನ ಮರೆಯಲ್ಲಿದ್ದ ಗಾಜು ಕಾಣಲಿಲ್ಲ. ಇವತ್ತು ಗಾಳಿ ಕಡಿಮೆ ಇದೆ ಎಂದುಕೊಂಡು ಹಿಂದೆ ಕೂತಳು.

ಮೆಹಬೂಬ್ ಸಾಹೇಬರು ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಇದೇನಯ್ಯಾ, ಮನೆಯನ್ನೇ ಕಟ್ಟಿಕೊಂಡು ಬಂದಿದೀಯ? ಬಾಗಿಲೆಲ್ಲಿ?"

"ನೀವು ಬಾಗಿಲು ಹೇಳಲಿಲ್ಲ ಸಾರ್. ಗಾಜು ಹೇಳಿದಿರಿ."

ಪೇಟೆಯ ಸವಾರರು ಹೊಟ್ಟೆ ಹಿಡಿದುಕೊಂಡು ನಕ್ಕರು, ಫೋನು ಎತ್ತಿ ಚಿತ್ರ ತೆಗೆದರು. ಸಾಹೇಬರು ವಾಪಸು ಕಳಿಸಿದರು. ದಾರಿಯುದ್ದಕ್ಕೂ ತಾಯಿ ಬೈದಳು. ಕಿಟಕಿಯನ್ನು ಯಾರಾದರೂ ಸವಾರಿ ಮಾಡಿಸುತ್ತಾರೇನೋ, ಅದು ಸವಾರರು ಹಾಕುವ ಕನ್ನಡಕ, ಅಂಗಡಿಯಲ್ಲಿ ಸಿಗುತ್ತದೆ, ಇಬ್ಬರಿಗೂ ಒಂದೊಂದು ತಾ, ಆ ಸವಾರರು ಹೇಗೆ ಹಾಕಿಕೊಂಡಿರುತ್ತಾರೋ ಕಣ್ಣಾರೆ ನೋಡು, ಹಾಗೇ ಹಾಕು ಎಂದಳು. ಮಗ ಹೂಂ ಎಂದ. ಆ ವಾರ ಅಕ್ಕಯಮ್ಮನಿಗೆ ಸೂಜಿಯ ಕಣ್ಣು ಕಾಣದಾಯಿತು.

ಪಿಳ್ಳಪ್ಪ ಎರಡು ಕಪ್ಪು ಕನ್ನಡಕ ತಂದ. ಬುಡದ ಟೀ ಅಂಗಡಿಯ ಮುಂದೆ ಕೂತು ಸವಾರರನ್ನು ಕಣ್ಣಾರೆ ನೋಡಿದ. ಬೈಕು ನಿಲ್ಲಿಸಿ ಟೀ ಕುಡಿಯುವವರೆಲ್ಲ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದ್ದರು. ಒಬ್ಬನಲ್ಲ, ಇಬ್ಬರಲ್ಲ, ಎಲ್ಲರೂ. ಭಾನುವಾರ ಪಿಳ್ಳಪ್ಪ ತನ್ನ ಹಣೆಗೊಂದು ಏರಿಸಿದ, ತಾಯಿಯ ಹಣೆಗೊಂದು ಏರಿಸಿದ. ಇದು ಸರಿಯೇನೋ ಎಂದು ತಾಯಿ ಕೇಳಿದಳು. ಕಣ್ಣಾರೆ ನೋಡಿದ್ದೇನೆ ಅಮ್ಮ ಎಂದ.

ಸಾಹೇಬರು ಆ ದಿನ ನಗಲಿಲ್ಲ. ಹಿಂದೆ ಗಾಡಿಗಳ ಸಾಲು ಹಾರ್ನ್ ಹೊಡೆಯುತ್ತಿತ್ತು.

"ನಮ್ಮ ಪೈಕಿ ಯಾರಿಗೂ ಹಣೆಯಲ್ಲಿ ಕಣ್ಣಿಲ್ಲ, ನಿಮ್ಮ ಶಿವನಿಗೆ ಒಬ್ಬನಿಗಿದೆ. ಅವನು ಬಂದರೆ ಹೀಗೇ ಬಿಡ್ತೀನಿ. ನೀನು ಮನೆಗೆ ಹೋಗಿ ಹಾಕೋದು ಕಲಿತು ಬಾ."

ಮನೆಗೆ ಬಂದು ತಾಯಿ ಮತ್ತೆ ಬೈದಳು. ತನ್ನ ಕೈಯಿಂದಲೇ ಮಗನ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದಳು. ಇದು ಇರಬೇಕಾದ ಜಾಗ ಇದು, ಇನ್ನು ಇದನ್ನು ತೆಗೆಯಕೂಡದು ಎಂದಳು.

ಪಿಳ್ಳಪ್ಪ ತೆಗೆಯಲಿಲ್ಲ. ಹಾಕಿಕೊಂಡೇ ಉಂಡ, ಹಾಕಿಕೊಂಡೇ ಮಿಂದ, ಹಾಕಿಕೊಂಡೇ ಮಲಗಿದ. ಬೆಳಗ್ಗೆ ಎದ್ದು, ಇವತ್ತು ಸೂರ್ಯ ಹುಟ್ಟಿಲ್ಲ ಎಂದು ಮತ್ತೆ ಮಲಗಿದ. ಹುಳುಮನೆಯಲ್ಲಿ ಎಳೆಯ ಸೊಪ್ಪು ಯಾವುದು ಹಣ್ಣೆಲೆ ಯಾವುದು ತಿಳಿಯದೆ ಕೈಗೆ ಸಿಕ್ಕಿದ್ದನ್ನು ಹಾಕಿದ. ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿ ಗಾಜಿನ ಮೇಲೆ ಕೂತು, ಅವನ ಬೆವರಿಗೆ ನೆನೆದು ಗಾರೆಯಾಯಿತು. ಒರೆಸಬೇಕಾದರೆ ತೆಗೆಯಬೇಕು. ತೆಗೆಯಬಾರದು. ಭಾನುವಾರ ತಾಯಿಯನ್ನು ಹಿಂದೆ ಕೂರಿಸಿಕೊಂಡು ಗಾಡಿ ಬಿಟ್ಟವನು ಊರ ಬಾಗಿಲಲ್ಲೇ ಹುಲ್ಲಿನ ಬಣವೆಯೊಳಕ್ಕೆ ನುಗ್ಗಿದ. ಪೆಟ್ಟಾಗಲಿಲ್ಲ. ಬಣವೆಯ ಯಜಮಾನ ಮಾತ್ರ ಅವನ ವಂಶವನ್ನೆಲ್ಲ ಎಣಿಸಿ ಬೈದ.

ಅಕ್ಕಯಮ್ಮ ತಲೆಗೂದಲಿನಿಂದ ಹುಲ್ಲು ತೆಗೆದುಕೊಳ್ಳುತ್ತ ಮೆಲ್ಲಗೆ ಹೇಳಿದಳು. ಅವಳಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ.

"ಗಾಡಿ ಓಡುವಾಗ ಹಾಕು. ಗಾಡಿ ನಿಂತ ಕೂಡಲೇ ತೆಗೆ. ಇಷ್ಟೇ ಕಣಪ್ಪಾ. ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ಬರುವುದಿಲ್ಲ."

ಆ ವಾರ ಅವಳು ಬುಟ್ಟಿಯ ಕೆಳಗೆ ಕೋಳಿ ಇದೆಯೋ ಇಲ್ಲವೋ ಎಂದು ಕೈಯಾಡಿಸಿ ನೋಡತೊಡಗಿದ್ದಳು. ಬಾಗಿಲಲ್ಲಿ ನಿಂತವರು ಮಾತಾಡಿದರೆ ಮಾತ್ರ ಯಾರೆಂದು ತಿಳಿಯುತ್ತಿತ್ತು. ಸಂಜೆ ಜಗಲಿಯ ಮೇಲೆ ಕೂತು ಗುಡ್ಡದ ದಿಕ್ಕಿಗೆ ಮುಖ ಮಾಡಿಕೊಂಡಿರುತ್ತಿದ್ದಳು. ಗುಡ್ಡವೂ ಕಾಣುತ್ತಿರಲಿಲ್ಲ, ಅದು ಯಾವ ಕಡೆಗಿದೆ ಎಂಬುದು ಮಾತ್ರ ಗೊತ್ತಿತ್ತು.

ಮುಂದಿನ ಭಾನುವಾರ ಪಿಳ್ಳಪ್ಪ ಎಲ್ಲ ಸರಿಯಾಗಿ ಮಾಡಿದ. ಕನ್ನಡಕ ತೊಳೆದ, ಗಾಡಿ ಹೊರಟ ಕೂಡಲೇ ಹಾಕಿಕೊಂಡ, ತಾಯಿಗೂ ಹಾಕಿಸಿದ. ಅಡ್ಡಗಟ್ಟೆ ಬಂತು. ಸಾಹೇಬರು ಕೈ ತೋರಿಸಿದರು. ಗಾಡಿ ನಿಂತಿತು. ಗಾಡಿ ನಿಂತ ಕೂಡಲೇ ಪಿಳ್ಳಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿದ.

ಕಣ್ಣಿಗೆ ಏನೂ ಇಲ್ಲವಲ್ಲಯ್ಯಾ ಎಂದರು ಸಾಹೇಬರು. ಇದೆ ಸಾರ್ ಎಂದು ಪಿಳ್ಳಪ್ಪ ಗಾಡಿ ಬಿಟ್ಟು, ಹಾಕಿಕೊಂಡು ತೋರಿಸಿದ. ಓಡಿಹೋಗುತ್ತಿದ್ದಾನೆಂದು ಅವರು ಸೀಟಿ ಊದಿದರು. ಸೀಟಿ ಕೇಳಿ ಗಾಡಿ ನಿಂತಿತು. ನಿಂತ ಕೂಡಲೇ ಕನ್ನಡಕ ಜೇಬಿಗೆ ಹೋಯಿತು. ಹಾಕಯ್ಯಾ ಎಂದರು. ಗಾಡಿ ಓಡಿತು. ನಿಲ್ಲಯ್ಯಾ ಎಂದರು. ಕನ್ನಡಕ ಇಳಿಯಿತು. ಕೊನೆಗೆ ಸಾಹೇಬರು ಬೈಕಿನ ಕೀಲಿಯನ್ನೇ ಕಿತ್ತುಕೊಂಡು, ಇನ್ನು ಈ ರಸ್ತೆಯಲ್ಲಿ ನಿನ್ನ ಮುಖ ಕಾಣಕೂಡದು ಎಂದರು.

ಆಗ ಅಕ್ಕಯಮ್ಮ ಕೆಳಗಿಳಿದಳು. ಕೈ ಮುಂದೆ ಚಾಚಿಕೊಂಡು ಹೋಗಿ ಹಳದಿ ಬಣ್ಣದ ಅಡ್ಡಗಟ್ಟೆಯ ಎದುರು ನಿಂತಳು. ಅದನ್ನೇ ದಫೇದಾರರೆಂದು ತಿಳಿದು ಕೈಮುಗಿದಳು.

"ಸ್ವಾಮಿ, ಕಣ್ಣು ಇರುವವರ ಕಣ್ಣು ಉಳಿಯಲಿ ಅಂತ ನೀವು ಇಲ್ಲಿ ಬಿಸಿಲಲ್ಲಿ ನಿಂತಿದೀರಿ. ಒಳ್ಳೇದು. ನನ್ನದು ಯಾವ ಗಾಜು ಹಾಕಿದರೂ ಉಳಿಯೋದಲ್ಲ. ಅದು ಹೋಗೋ ಮುಂಚೆ ಮೇಲಿನಿಂದ ನನ್ನ ತವರಿನ ಕೆರೆ ಒಂದು ಸಲ ನೋಡಬೇಕು. ನನ್ನ ಮಗ ಪೆದ್ದ, ಕಳ್ಳನಲ್ಲ."

ಮೆಹಬೂಬ್ ಸಾಹೇಬರು ಸದ್ದಾಗದಂತೆ ನಡೆದು, ಅಡ್ಡಗಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅದು ಇದ್ದ ಜಾಗದಲ್ಲಿ ತಾವು ನಿಂತರು. ಹೋಗಿ ಬನ್ನಿ ತಾಯಿ ಎಂದರು. ಆಮೇಲೆ ಕೀಲಿ ವಾಪಸು ಕೊಟ್ಟು, ಪಿಳ್ಳಪ್ಪನ ಹೆಗಲು ಹಿಡಿದು ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಗಾಡಿ ನಿಂತರೂ ಓಡಿದರೂ, ಗುಡ್ಡ ಇಳಿದು ಮನೆ ಸೇರೋವರೆಗೆ ಇಬ್ಬರ ಕನ್ನಡಕವೂ ಕಣ್ಣ ಮೇಲೇ ಇರಬೇಕು. ಅಮ್ಮನಿಗೆ ದೂರದ್ದು ಕಾಣಲ್ಲ. ಏನೇ ತೋರಿಸಬೇಕಾದರೂ ಹತ್ತಿರ ತಂದು ತೋರಿಸು. ತಿಳೀತಾ?"

ತಿಳೀತು ಸಾರ್ ಎಂದ ಪಿಳ್ಳಪ್ಪ.

ಒಂದೊಂದು ತಿರುವು ಬಂದಾಗಲೂ ಅಕ್ಕಯಮ್ಮ ಮೊದಲೇ ಆ ಕಡೆಗೆ ಮೈ ಬಾಗಿಸುತ್ತಿದ್ದಳು. ನೆತ್ತಿ ಬಂತು. ಮೋಟುಗೋಡೆಯನ್ನು ಅಂಗೈಯಿಂದ ಸವರಿ, ಇದೇ ಎಂದು ಕೂತಳು. ಆಚೆ ನೋಡಿದಳು. ಬಹಳ ಹೊತ್ತು ನೋಡಿದಳು. ಕೆಳಗೆಲ್ಲ ಬೂದಿ ಚೆಲ್ಲಿದ ಹಾಗೆ ಒಂದೇ ಮಬ್ಬು.

"ನಿನಗೆ ಕಾಣುತ್ತೇನೋ?"

"ಕಾಣುತ್ತಮ್ಮ. ಅಲ್ಲೇ ಇದೆ."

"ನನಗೆ ಕಾಣಲಿಲ್ಲ ಕಣೋ," ಎಂದಳು ಅಕ್ಕಯಮ್ಮ. "ತಡವಾಯಿತು."

ಪಿಳ್ಳಪ್ಪ ಗಾಡಿಯ ಕಡೆ ತಿರುಗಿದ. ಅಮ್ಮ ಇಲ್ಲೇ ಕೂತಿರು ಎಂದ. ಬೈಕು ಏರಿ, ಆಚೆಯ ಇಳಿಜಾರಿನಲ್ಲಿ ಹೊರಟೇಹೋದ. ಅವಳು ಕೂಗಿದಳು. ಸದ್ದು ತಿರುವಿನಿಂದ ತಿರುವಿಗೆ ಇಳಿಯುತ್ತ ಸಣ್ಣದಾಗಿ, ಇಲ್ಲವಾಯಿತು.

ಅಕ್ಕಯಮ್ಮ ಕಾದಳು. ಬೈಕುಗಳು ಬಂದವು, ಹೋದವು. ಗಂಡ ಇದ್ದಿದ್ದರೆ ಈಗ ಬೀಡಿಯ ವಾಸನೆ ಬರುತ್ತಿತ್ತು ಎಂದುಕೊಂಡಳು. ಬಿಸಿಲು ಬೆನ್ನಿನಿಂದ ಕೆನ್ನೆಗೆ ಬಂದಮೇಲೆ ಹಳೆಯ ಬೈಕಿನ ಸದ್ದು ಮತ್ತೆ ಗುಡ್ಡ ಹತ್ತತೊಡಗಿತು. ಈಚೆ ಕಡೆಯಿಂದ ಇನ್ನೊಂದು ಬೈಕು ಬಂತು. ಹೀಗೊಬ್ಬ ವಿಚಿತ್ರ ಸವಾರ ಹತ್ತುತ್ತಿದ್ದಾನೆ ಎಂದು ಆಚೆ ಬುಡದ ಪೊಲೀಸರು ಫೋನು ಮಾಡಿದ್ದರಿಂದ ಮೆಹಬೂಬ್ ಸಾಹೇಬರೇ ಏರಿ ಬಂದಿದ್ದರು.

ಪಿಳ್ಳಪ್ಪ ಬಂದು ನಿಂತ. ಕಣ್ಣ ಮೇಲೆ ಕನ್ನಡಕ ಇತ್ತು, ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಹೆಲ್ಮೆಟ್ ತೊಡೆಗಳ ನಡುವೆ ಬಾಯಿ ಮೇಲಾಗಿ ಕೂತಿತ್ತು, ಅದರ ತುಂಬ ನೀರು. ಅಂಗಿ, ಲುಂಗಿ ಎಲ್ಲ ತೊಯ್ದಿದ್ದವು.

"ತಲೆ ಬರಿದು ಬಿಟ್ಟುಕೊಂಡು ಗುಡ್ಡ ಹತ್ತಿದೀಯಲ್ಲಯ್ಯಾ," ಎಂದರು ಸಾಹೇಬರು.

"ನೀವು ಕಣ್ಣಿನ ಮಾತು ಹೇಳಿದಿರಿ ಸಾರ್. ತಲೆಯದು ಹೇಳಲಿಲ್ಲ."

ಅವನು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಾಯಿಯ ಮಡಿಲಿನಲ್ಲಿಟ್ಟ. ಅಮ್ಮ, ಹತ್ತಿರ ತಂದಿದ್ದೇನೆ, ನೋಡು ಎಂದ.

ಅಕ್ಕಯಮ್ಮ ಕನ್ನಡಕ ತೆಗೆದಳು. ಮನೆ ಸೇರೋವರೆಗೆ ತೆಗೆಯಬಾರದಮ್ಮ ಎಂದು ಪಿಳ್ಳಪ್ಪ ಗಾಬರಿಯಾದ. ಸಾಹೇಬರು ಅವನ ತೋಳು ಹಿಡಿದು ಸುಮ್ಮನಾಗಿಸಿದರು. ಅವಳು ಮೂಗು ನೀರಿಗೆ ತಾಗುವಷ್ಟು ಬಗ್ಗಿದಳು. ಕದಡಿದ ನೀರು, ಅದರಲ್ಲೊಂದು ಹಸಿರು ಪಾಚಿಯ ಎಳೆ, ಅದರಾಚೆ ಏನೋ ಸಣ್ಣದು ಮಿಸುಕಿತು. ಸೆರಗು ಮೇಲೆ ಸರಿಸಿ ಕೈ ಇಳಿಸಿದಳು. ಕೆಸರಿನ ವಾಸನೆ ಅದೇ ಇತ್ತು.

ಕೈ ನೀರಿನಲ್ಲಿಟ್ಟುಕೊಂಡೇ ಕೇಳಿದಳು. "ಕೆರೆ ಈ ವರ್ಷ ತುಂಬಿದೆಯೇನೋ?"

"ತುಂಬಿತ್ತಮ್ಮ," ಎಂದ ಪಿಳ್ಳಪ್ಪ. "ಈಗ ಒಂದು ಹೆಲ್ಮೆಟ್ಟಿನಷ್ಟು ಕಡಿಮೆ."