ಬಣ್ಣ ಕೇಳಿ ಪದ ಕೊಟ್ಟ ಸಾತವ್ವ

ಬಾವಿಗೆ ಗೇಣುದ್ದದ ಹಗ್ಗ ಸಾಕಾಗುತ್ತಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ಹೊಳೆಯ ದಂಡೆಗೆ ಹುಣಸಿಗೇರಿ ಅಂತ ಒಂದು ಊರು. ಆ ಊರಲ್ಲಿ ನೀಲಗಾರ ಸಾತವ್ವ ಅಂತ ಒಬ್ಬಳಿದ್ದಳು. ನೇಕಾರರ ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು.

ಅವಳ ಕೈ ಮೊಳಕೈವರೆಗೂ ನೀಲಿಯಂತೆ. ಅವಳು ಹೊಳೆಯಲ್ಲಿ ಕೈ ತೊಳೆದರೆ ಕೆಳಗಿನೂರಿನ ಎಮ್ಮೆಗಳು ನೀಲಿ ಮೂತಿ ಹೊತ್ತು ಮನೆಗೆ ಬರುತ್ತಿದ್ದವಂತೆ. ಮಣ್ಣಿನ ಹರವಿಯಲ್ಲಿ ಕದಡಿದ ಬಣ್ಣವನ್ನು ನಾಲಿಗೆಗೆ ಹಚ್ಚಿ ನೋಡಿ, ಇವತ್ತು ಯಾರ ಮನೆಯಲ್ಲಿ ಯಾರು ಉಣ್ಣದೆ ಮಲಗಿದ್ದಾರೆ ಅಂತ ಹೇಳುತ್ತಿದ್ದಳಂತೆ. ನಿಜವೋ ಸುಳ್ಳೋ, ಕಂಡವರು ಈಗ ಯಾರೂ ಇಲ್ಲ. ಆದರೆ ಒಂದು ಕಥೆಯನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ. ಅದು ಹೂವಕ್ಕನ ಪದದ ಕಥೆ.

ಆ ಸೀಮೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಹೊಸ ಸೊಸೆ ಮೊದಲ ದಿನ ನಸುಕಿನಲ್ಲಿ ಎದ್ದು, ಬೀಸುವ ಕಲ್ಲಿನ ಮುಂದೆ ಕೂತು, ತನ್ನ ತಾಯಿಯ ಪದ ಹಾಡಬೇಕು. ಕೊನೆಯಲ್ಲಿ ತಾಯಿಯ ಹೆಸರು ಬರಬೇಕು. ಹಾಡಿದರೆ ಆ ಹೆಸರು ಆ ಮನೆಯ ಕಲ್ಲಿಗೆ ಸೇರಿದಂತೆ. ಮಗಳು ಬೀಸುವಷ್ಟು ಕಾಲ ತಾಯಿಯೂ ಅಲ್ಲೇ ಇರುತ್ತಾಳೆ. ಪದ ತರದವಳಿಗೆ ಅತ್ತೆ ತನ್ನದೇ ಪದ ಕಲಿಸುತ್ತಾಳೆ. ಆಮೇಲೆ ಆ ಕಲ್ಲಿನ ಮುಂದೆ ತಾಯಿಯ ಹೆಸರು ಎತ್ತುವ ಹಾಗಿಲ್ಲ.

ಹೂವಕ್ಕನ ತಾಯಿ ನಿಂಬವ್ವ ಹುಣಸಿಗೇರಿಯವಳು. ಮಗಳಿನ್ನೂ ಸೊಂಟದ ಮೇಲಿದ್ದಾಗಲೇ ತೀರಿಹೋದಳು. ಸೋದರಮಾವ ಕೂಸನ್ನು ಎತ್ತಿಕೊಂಡು ಹೋಗಿ ಬೇರೆ ಊರಲ್ಲಿ ಸಾಕಿದ. ಈಗ ಅವಳಿಗೆ ಮದುವೆ ಗೊತ್ತಾಗಿತ್ತು. ತಾಯಿಯ ರಾಗ ನೆನಪಿತ್ತು, ಮಾತು ಒಂದೂ ಇರಲಿಲ್ಲ. ಆದರೆ ಕಣ್ಣು ಮುಚ್ಚಿ ಆ ರಾಗ ಗುನುಗಿದರೆ ಬಣ್ಣಗಳು ಬರುತ್ತಿದ್ದವು. ಮೊದಲು ಹಳದಿ. ಆಮೇಲೆ ಕೆಂಪು. ಕೊನೆಗೊಂದು ಬಣ್ಣ, ಅದು ಹಸಿರೋ ನೀಲಿಯೋ ಅವಳಿಗೇ ತಿಳಿಯದು.

ಓರಗೆಯ ಹುಡುಗಿಯರಿಗೆ ಹೇಳಿದಳು. ಅವರು ಬಿದ್ದು ಬಿದ್ದು ನಕ್ಕರು. ಪದದಾಗ ಬಣ್ಣ ಕಾಣಾಕಿ ನಾಳೆ ರೊಟ್ಟ್ಯಾಗ ರಾಗ ಕೇಳತಾಳ ಅಂದರು. ಹೂವಕ್ಕನಿಗೆ ಮೊದಲೇ ಮಾತು ಕಡಿಮೆ. ಮರುದಿನ ಬುತ್ತಿ ಕಟ್ಟಿಕೊಂಡು ಹುಣಸಿಗೇರಿಯ ದಾರಿ ಹಿಡಿದಳು. ಬಣ್ಣದ ಮಾತನ್ನು ಬಣ್ಣದವಳಲ್ಲೇ ಕೇಳಬೇಕಲ್ಲ.

ಸಾತವ್ವ ಹರವಿಯಲ್ಲಿ ಕೋಲಾಡಿಸುತ್ತಿದ್ದಳು. ಹೂವಕ್ಕ ಕಟ್ಟೆಯ ತುದಿಗೆ ಕೂತು, ತನ್ನ ಸಂಕಟ ಹೇಳಿ, ತಲೆ ತಗ್ಗಿಸಿ ಆ ರಾಗ ಗುನುಗಿದಳು. ಸಾತವ್ವನ ಕೋಲು ಒಂದು ಗಳಿಗೆ ನಿಂತಿತಂತೆ. ಆಮೇಲೆ ಮತ್ತೆ ತಿರುಗಿತು.

"ಪದ ನನಗ ಗೊತ್ತಿಲ್ಲವ್ವ," ಅಂದಳು ಸಾತವ್ವ. "ಹಳದಿ ಅಂದೆಲ್ಲ, ಯಾವ ಹಳದಿ?"

ಹಳದಿ ಅಂದರೆ ಹಳದಿ ಅಂದಳು ಹೂವಕ್ಕ. ಹಂಗಂದರೆ ನನ್ನ ಹರವಿಗೆ ತಿಳಿಯೂದಿಲ್ಲ, ಪದಕ್ಕೂ ತಿಳಿಯೂದಿಲ್ಲ ಅಂದಳು ಸಾತವ್ವ. ಅರಿಶಿನದಲ್ಲಿ ಒಂದು ಎಳೆ ಅದ್ದಿ ತೋರಿಸಿದಳು. ಇದಲ್ಲ. ದಾಳಿಂಬೆ ಸಿಪ್ಪೆಯಲ್ಲಿ ಅದ್ದಿದಳು. ಇದೂ ಅಲ್ಲ, ಇನ್ನೂ ಹಗುರ, ಮುಟ್ಟಿದರೆ ಕೈಗೆ ಹತ್ತುವಂಥದ್ದು. ಹೀಗೆ ಅಲ್ಲ ಅಲ್ಲ ಅನ್ನುತ್ತ ಅನ್ನುತ್ತ, ಹೂವಕ್ಕ ಥಟ್ಟನೆ ತಲೆ ಎತ್ತಿದಳು. ಜೋಳದ ತೆನೆಯ ಮೇಲೆ ಕೂತಿರುತ್ತದಲ್ಲ, ಆ ಹುಡಿ! ಅವ್ವನ ಸೆರಗಿಗೆ ಅದು ಹತ್ತಿತ್ತು. ವಸ್ತು ಸಿಕ್ಕಿತು, ಬೆನ್ನ ಹಿಂದೆಯೇ ಮಾತು ಬಂತು:

ಜ್ವಾಳದ ತೆನಿಮ್ಯಾಲ ಹುಡಿ ಕುಂತ ಹೊತ್ತೀಲಿ
ಗಾಳಿ ಎಬ್ಬಿಸಿತ, ಹಡೆದವ್ವ – ನಿನ ಸೆರಗ
ನಾಳೀಗೂ ಕಣ್ಣ ತುಂಬೈತ

ಕೆಂಪೂ ಹಾಗೆಯೇ. ಕುಂಕುಮ ಅಲ್ಲ, ಮೆಣಸಿನಕಾಯಿ ಅಲ್ಲ, ಮುತ್ತುಗದ ಹೂವೂ ಅಲ್ಲ. ಅದು ಅವ್ವನ ಅಂಗೈ. ಯಾಕೆ ಅಷ್ಟು ಕೆಂಪಗಿತ್ತೋ ಗೊತ್ತಿಲ್ಲ, ಆದರೆ ಅಂಗೈಯೇ. ಅದಕ್ಕೂ ಮಾತು ಬಂತು.

ಕೊನೆಯ ಬಣ್ಣಕ್ಕೆ ಸಾತವ್ವ ಏನೂ ಕೇಳಲಿಲ್ಲ. ಒಂದು ಬಿಳಿ ಎಳೆಯನ್ನು ನೀಲಿ ಹರವಿಯಲ್ಲಿ ಮುಳುಗಿಸಿ ಎತ್ತಿದಳು. ಅದು ಹಸಿರಾಗಿ ಮೇಲೆ ಬಂತು. ನಿನ್ನ ಹರವಿ ಕೆಟ್ಟಿದೆ ಆಯಿ ಅಂದಳು ಹೂವಕ್ಕ.

"ತಡಿ. ಗಾಳಿ ಮುಟ್ಟಲಿ."

ನೋಡುತ್ತ ನೋಡುತ್ತ ಹಸಿರು ಕಂದಿತು, ಅಂಚಿನಿಂದ ನೀಲಿ ಹರಿದು ಬಂತು. ಹೂವಕ್ಕ ಬಾಯಿ ಮುಚ್ಚಿಕೊಂಡು ಅತ್ತಳು. ತನ್ನ ನೆನಪು ಸುಳ್ಳಾಗಿರಲಿಲ್ಲ. ಸಂಜೆಯೊಳಗೆ ಪದ ಪೂರ್ತಿಯಾಯಿತು. ಸಾತವ್ವ ಆ ಮೂರೂ ಬಣ್ಣದ ಎಳೆ ಅದ್ದಿ ಹೊಸೆದು ಅವಳ ಉಡಿಗೆ ಹಾಕಿದಳು.

ಮದುವೆಯಾಯಿತು. ನಸುಕಿನಲ್ಲಿ ಹೂವಕ್ಕ ಆ ಹುರಿಯನ್ನು ಕಲ್ಲಿನ ಗೂಟಕ್ಕೆ ಕಟ್ಟಿ, ಕಣ್ಣಿಂದ ಒಂದೊಂದೇ ಬಣ್ಣ ಹಿಡಿದು ಹಾಡಿದಳು. ಅತ್ತೆ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಕೊನೆಗೆ ಬಂತು:

ಮುಳುಗಿ ಎದ್ದಾಗ ಎಳಿ ಮೊಳಕಿ, ಗಾಳೀಗೆ
ಮಳಿಯ ಮೋಡಾತ, ನಿಂಬವ್ವ – ನಿನ ಕೈಯ
ಬಳಿ ಸಪ್ಪಳ ಕಲ್ಲಾಗ ಉಳದೈತ

ಒಲೆಯ ಮುಂದೆ ಕೂತಿದ್ದ ದುಂಡವ್ವ, ಅತ್ತೆಯ ಅತ್ತೆ, ಹುಣಸಿಗೇರಿಯಿಂದಲೇ ಸೊಸೆಯಾಗಿ ಬಂದವಳು. ಅವಳು ಅಂದಳು, "ನಿಂಬವ್ವ ಮಾತು ಕಟ್ಟಿ ಹಾಡಿದ್ದು ನಾ ಒಮ್ಮಿನೂ ಕೇಳಿಲ್ಲ. ನಾ ತವರಿಗೆ ಹೋದಾಗೆಲ್ಲ ನೋಡೀನಿ, ಕೂಸಿನ್ನ ಬೆನ್ನಿಗೆ ಕಟಗೊಂಡು ಸಾತವ್ವನ ಮನ್ಯಾಗ ಬಣ್ಣದ ನೂಲು ಹಿಂಡಾಕ ಹೋಗತಿದ್ಲು. ದನಿ ಚಲೋ ಇಲ್ಲಂತ ನಾಚಿಕಿ. ಬರೇ ಗುನುಗತಿದ್ಲು."

ಕಲ್ಲು ನಿಂತಿತು. ಹಾಗಾದರೆ ಇದು ತಾಯಿಯ ಪದ ಅಲ್ಲ ಅಂತ ಅತ್ತೆ ಸೆರಗು ಸಿಕ್ಕಿಸಿ ಮುಂದೆ ಬಂದಳು, ತನ್ನ ಪದ ಹೇಳಿಕೊಡಲು. ಅಂಗೈ ಯಾಕೆ ಕೆಂಪಗಿತ್ತು ಅನ್ನುವುದು ಹೂವಕ್ಕನಿಗೆ ಆಗ ತಿಳಿಯಿತು. ಬೆನ್ನ ಮೇಲಿಂದ ತಾನು ಕಂಡದ್ದೆಲ್ಲ ತಿಳಿಯಿತು. ಸಾತವ್ವನ ಕೋಲು ಯಾಕೆ ನಿಂತಿತ್ತು ಅನ್ನುವುದೂ ತಿಳಿಯಿತು. ಅವಳು ಗೂಟ ಬಿಡಲಿಲ್ಲ.

"ನೂಲಿನಿಂದ ಬಣ್ಣ ಬಿಡಿಸಾಕ ಬಂದ್ರ ಬಿಡಸ್ರಿ, ಅತ್ತಿ. ನೂಲು ನಂದು. ಬಣ್ಣ ಅವ್ವಂದು."

ಅತ್ತೆ ಆ ಹುರಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳಂತೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ಹಿಟ್ಟು ಸಾಲೂದಿಲ್ಲ, ಮುಂದ ಹಾಡು ಅಂದಳು.

ಸಾತವ್ವ ಯಾವ ವರುಷ ತೀರಿಹೋದಳೋ ಯಾರಿಗೂ ಗೊತ್ತಿಲ್ಲ. ಅವಳು ಹೋದ ದಿನ ಹೊಳೆ ಮೊದಲು ಹಸಿರಾಗಿ, ಆಮೇಲೆ ನೀಲಿಯಾಗಿ ಹರಿಯಿತು ಅನ್ನುತ್ತಾರೆ. ಹರವಿಗಳು ಒಡೆದವು, ಬೀಸುವ ಕಲ್ಲುಗಳು ಹಿತ್ತಲು ಸೇರಿದವು. ಆದರೂ ಆ ಕಡೆಯ ಹೆಂಗಸರ ಮುಂದೆ ಯಾರಾದರೂ ಪದದಲ್ಲಿ ಬರಿ ಕೆಂಪು ಅಂದರೆ, ಬರಿ ಹಳದಿ ಅಂದರೆ, ಮೂಲೆಯಿಂದ ಒಂದು ದನಿ ಬಂದೇ ಬರುತ್ತದೆ: ಯಾವ ಹಳದಿನೇ? ಮದುಮಗಳ ಉಡಿಗೆ ಈಗಲೂ ಹುರಿ ಹಾಕುತ್ತಾರೆ, ಆದರೆ ನಾಲ್ಕೆಳೆಯದು. ಅವಳು ಅದನ್ನು ಹಿಟ್ಟಿನ ಡಬ್ಬಿಯ ಹಿಡಿಕೆಗೆ ಕಟ್ಟಿಕೊಂಡು ಗಿರಣಿಗೆ ಹೋಗುತ್ತಾಳೆ. ಗಿರಣಿಯ ಗದ್ದಲದಲ್ಲಿ ಅವಳು ಗುನುಗುವುದು ಯಾರಿಗೂ ಕೇಳಿಸುವುದಿಲ್ಲ. ಮೂರು ಎಳೆಗೆ ಬಣ್ಣವಿರುತ್ತದೆ. ನಾಲ್ಕನೆಯದನ್ನು ಬಿಳಿಯಾಗಿಯೇ ಬಿಡುತ್ತಾರೆ, ಮುಂದೆ ಹುಟ್ಟುವ ಮಗಳು ಅದ್ದಿಕೊಳ್ಳಲಿ ಅಂತ.